ಒಂದನೇ, ಎರಡನೇ ತರಗತಿಯ ಮಕ್ಕಳನ್ನು ಪೂರ್ತಿ ಆನ್‌ಲೈನ್ ಶಾಲೆಗೆ ಸೇರಿಸುವ ಮುನ್ನ ಇದನ್ನು ದಯವಿಟ್ಟು ಓದಿ

ಆರೇಳು ವರ್ಷದ ಮಗುವನ್ನು ಮನೆಯಿಂದಲೇ ಕಲಿಯುವ ಪೂರ್ಣಾವಧಿ ಆನ್‌ಲೈನ್ ಶಾಲೆಗೆ ಸೇರಿಸಬೇಕೇ ಎಂದು ಯೋಚಿಸುತ್ತಿರುವ ತಂದೆತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಗಳು ಒಂದನೇ ತರಗತಿಯ ಬಹುಪಾಲನ್ನು ಅಂಥದೊಂದು ಸಂಸ್ಥೆಯಲ್ಲಿ ಕಳೆದಳು. ಅವರು ಕಳುಹಿಸುತ್ತಿದ್ದ ಪ್ರಗತಿ ವರದಿಯ ಪ್ರಕಾರ ಅವಳು ಸರಾಗವಾಗಿ ಓದುತ್ತಿದ್ದಳು, ಅಂದವಾಗಿ ಬರೆಯುತ್ತಿದ್ದಳು. ನಿಜ ಸ್ಥಿತಿಯಲ್ಲಿ ಅವಳಿಗೆ ಸರಳ ಪದಗಳನ್ನು ಸಹ ತಾನಾಗಿ ಓದಲು ಬರುತ್ತಿರಲಿಲ್ಲ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದೇ ಕ್ರಮದಲ್ಲಿ ನಡೆಯುವ ಸಂಸ್ಥೆಗಳು ಹಲವಾರಿವೆ ಮತ್ತು ಹೆಸರನ್ನು ನೋಡಿ ದೂರವಿರುವುದಕ್ಕಿಂತ ಲಕ್ಷಣವನ್ನು ನೋಡಿ ದೂರವಿರುವುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮಿಬ್ಬರ ಕೆಲಸದ ಕಾರಣದಿಂದ ವರ್ಷದ ನಡುವೆ ಊರು ಬದಲಿಸಬೇಕಾದ ಸಾಧ್ಯತೆ ಇದ್ದುದರಿಂದ ಎಲ್ಲಿಂದಲಾದರೂ ಮುಂದುವರಿಸಬಹುದಾದ ಶಾಲೆಯನ್ನು ಹುಡುಕಿದ್ದೆವು. ಒಂದು ಗುಂಪಿನಲ್ಲಿ ಕೆಲವೇ ಮಕ್ಕಳು, ಪ್ರತಿದಿನ ನೇರ ತರಗತಿ, ನೋಟ್‌ಬುಕ್‌ಗಳನ್ನು ಶಿಕ್ಷಕಿಯೇ ತಿದ್ದುತ್ತಾರೆ, ಪ್ರತಿ ವಾರ ವರದಿ ಕಳುಹಿಸುತ್ತಾರೆ ಎಂದು ಸೇರುವಾಗ ನಮಗೆ ಹೇಳಲಾಗಿತ್ತು. ಮಾದರಿ ತರಗತಿಯೂ ಚೆನ್ನಾಗಿಯೇ ಇತ್ತು, ಶಿಕ್ಷಕಿ ಪ್ರತಿ ಮಗುವಿನ ಹೆಸರು ಹಿಡಿದು ಮಾತನಾಡಿಸಿದ್ದರು. ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿದ ಮೇಲೆ, ಮೊದಲ ಕೆಲವು ವಾರಗಳಲ್ಲೇ ಬೇರೆ ಬೇರೆ ಗುಂಪುಗಳನ್ನು ಒಟ್ಟು ಸೇರಿಸಿದರು. ನೇರ ತರಗತಿಯ ಅರ್ಧದಷ್ಟು ಹೊತ್ತು ಮೊದಲೇ ಚಿತ್ರೀಕರಿಸಿದ ವಿಡಿಯೊ ಓಡುತ್ತಿತ್ತು. ಉಳಿದ ಹೊತ್ತಿನಲ್ಲಿ, ಗದ್ದಲವಾಗಬಾರದೆಂದು, ಮಕ್ಕಳೆಲ್ಲರನ್ನೂ ಮ್ಯೂಟ್ ಮಾಡಿ ಇಡಲಾಗುತ್ತಿತ್ತು.

ಮ್ಯೂಟ್ ಎಂಬುದು ದೊಡ್ಡವರ ಸಭೆಯಲ್ಲಿ ಶಿಸ್ತಿನ ವಿಷಯವಾಗಿರಬಹುದು. ಓದಲು ಕಲಿಯುತ್ತಿರುವ ಮಗುವಿನ ವಿಷಯದಲ್ಲಿ ಅದು ಕಲಿಕೆಯನ್ನೇ ನಿಲ್ಲಿಸಿಬಿಡುತ್ತದೆ, ಏಕೆಂದರೆ ಅಕ್ಷರವನ್ನು ನೋಡಿ ಅದರ ಧ್ವನಿಯನ್ನು ಬಾಯಿಬಿಟ್ಟು ಉಚ್ಚರಿಸುವುದು, ತಪ್ಪಿದಾಗ ಯಾರಾದರೂ ಆ ಕ್ಷಣವೇ ತಿದ್ದುವುದು, ಮತ್ತೆ ಹೇಳಿಸುವುದು, ಇದೇ ಆ ವಯಸ್ಸಿನ ಪಾಠ. ನಮ್ಮ ಮಗಳು ‘ಶಾಲೆ’ಯನ್ನು ‘ಸಾಲೆ’ ಎಂದೂ ‘ಫಲ’ವನ್ನು ‘ಪಲ’ ಎಂದೂ ಹೇಳುತ್ತಾ ಹೋದಳು, ಅದು ಯಾರ ಕಿವಿಗೂ ಬೀಳಲಿಲ್ಲ. ಅವಳಿಗೂ ಸರಿಯಾದ ಉಚ್ಚಾರ ಕೇಳಿಸುತ್ತಿತ್ತೇ ಎಂಬುದು ಇನ್ನೊಂದು ಪ್ರಶ್ನೆ. ಸಂಪರ್ಕ ದುರ್ಬಲವಾದಾಗ ಮೊದಲು ಕಳೆದುಹೋಗುವುದು ಧ್ವನಿಯ ಹೆಚ್ಚಿನ ಆವರ್ತನಗಳು, ಅಂದರೆ ಅದರ ತೀಕ್ಷ್ಣವಾದ ಭಾಗ. ಸ, ಶ, ಫ ಮೊದಲಾದ ಧ್ವನಿಗಳನ್ನು ಒಂದರಿಂದೊಂದು ಬೇರೆ ಮಾಡುವ ಸೂಕ್ಷ್ಮಗಳು ಇರುವುದೇ ಅಲ್ಲಿ. ಪದಗಳು ಗೊತ್ತಿರುವ ದೊಡ್ಡವರು ಆ ಕೊರತೆಯನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ, ‘ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಕೇಳುತ್ತಾರೆ. ಆರು ವರ್ಷದ ಮಗುವಿಗೆ ತನಗೆ ಏನೋ ಕೇಳಿಸಿಲ್ಲ ಎಂಬುದೇ ತಿಳಿಯುವುದಿಲ್ಲ, ತಿಳಿದರೂ ಕೇಳುವ ಧೈರ್ಯವಿರುವುದಿಲ್ಲ. ಅದು ತಲೆಯಾಡಿಸಿ ಸುಮ್ಮನೆ ಕೂತಿರುತ್ತದೆ, ಮತ್ತು ಪರದೆಯ ಆಚೆಯಿರುವವರಿಗೆ ಆ ತಲೆಯಾಡಿಸುವಿಕೆ ‘ಅರ್ಥವಾಯಿತು’ ಎಂಬಂತೆ ಕಾಣುತ್ತದೆ.

ಬರವಣಿಗೆಯ ಕಥೆ ಇನ್ನೂ ಬೇಸರದ್ದು. ಕ್ಯಾಮೆರಾ ತೋರಿಸುವುದು ಮಗುವಿನ ಮುಖವನ್ನು, ಆದರೆ ಒಂದನೇ ತರಗತಿಯ ಶಿಕ್ಷಕಿ ನೋಡಬೇಕಾದದ್ದು ಮಗುವಿನ ಕೈಯನ್ನು. ಪೆನ್ಸಿಲನ್ನು ಹೇಗೆ ಹಿಡಿದಿದೆ, ಎಷ್ಟು ಒತ್ತುತ್ತಿದೆ, ಅಕ್ಷರವನ್ನು ಎಲ್ಲಿಂದ ಶುರುಮಾಡಿ ಯಾವ ಕಡೆಗೆ ತಿರುಗಿಸುತ್ತಿದೆ ಎಂಬುದನ್ನು ಬರೆಯುತ್ತಿರುವಾಗಲೇ ನೋಡಬೇಕು. ನಮ್ಮ ಮಗಳು ‘ಮ’ ಬರೆಯುವಾಗ ತಲೆಕಟ್ಟನ್ನು ಮೊದಲು ಗೀಚಿ, ಬಲತುದಿಯಿಂದ ಎಡಕ್ಕೆ ಹಿಂದೆಹಿಂದೆ ಎಳೆದು, ನಡುವೆ ಎರಡು ಸಲ ಪೆನ್ಸಿಲ್ ಎತ್ತಿ, ಕೊನೆಗೆ ಬಿಟ್ಟುಹೋದ ಕಡೆಯಲ್ಲಿ ಗೆರೆಯನ್ನು ಸೇರಿಸುತ್ತಿದ್ದಳು. ಬರೆದು ಮುಗಿದ ಮೇಲೆ ಅದು ‘ಮ’ ಆಗಿಯೇ ಕಾಣುತ್ತಿತ್ತು. ಆ ಪುಟದ ಫೋಟೊ ತೆಗೆದು ಆ್ಯಪ್‌ಗೆ ಹಾಕಬೇಕಿತ್ತು. ಹಾಕಿದ ಸ್ವಲ್ಪ ಹೊತ್ತಿನಲ್ಲಿ ಒಂದು ನಕ್ಷತ್ರ ಬರುತ್ತಿತ್ತು. ಫೋಟೊದಲ್ಲಿ ಫಲ ಕಾಣುತ್ತದೆ, ಆದರೆ ಆ ಫಲಕ್ಕೆ ಮಗು ಹೇಗೆ ತಲುಪಿತು ಎಂಬುದು ಕಾಣುವುದಿಲ್ಲ. ಒಂದು ಅಕ್ಷರಕ್ಕೆ ಅಷ್ಟು ಶ್ರಮಪಡುವ ಮಗು ಕಾಗುಣಿತಕ್ಕೆ, ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಸೋತುಹೋಗುತ್ತದೆ. ಅವಳು ‘ಕೈ ನೋಯುತ್ತದೆ ಅಮ್ಮ’ ಎಂದಾಗ ಅದನ್ನು ನಾವು ಸಂಸ್ಥೆಗೆ ತಿಳಿಸಿದೆವು. ಇನ್ನಷ್ಟು ಅಭ್ಯಾಸ ಹಾಳೆಗಳನ್ನು ಕಳುಹಿಸುವುದೇ ಅವರಿಗೆ ತೋಚಿದ ಪರಿಹಾರವಾಯಿತು.

ಓದಿನ ವಿಷಯ ಹೊರಬಿದ್ದದ್ದು ಒಂದು ಸಂಜೆ. ಆ್ಯಪ್‌ನಲ್ಲಿದ್ದ ಕಥೆಯ ಪುಟವನ್ನು ಅವಳು ಎಂದಿನಂತೆ ಒಂದೇ ಉಸಿರಿನಲ್ಲಿ ಓದಿದಳು. ಅವಳ ಬೆರಳು ಎರಡನೆಯ ಪದದ ಮೇಲಿದ್ದಾಗ ಬಾಯಿ ನಾಲ್ಕನೆಯ ಪದವನ್ನು ಹೇಳುತ್ತಿತ್ತು. ನನಗೆ ಅನುಮಾನ ಬಂದು ಚಿತ್ರವನ್ನು ಅಂಗೈಯಿಂದ ಮುಚ್ಚಿ, ಅದೇ ಪುಟದ ಕೊನೆಯ ಸಾಲಿನಲ್ಲಿದ್ದ ‘ಮರ’ ಎಂಬ ಪದವನ್ನು ತೋರಿಸಿ ಓದು ಎಂದೆ. ಅವಳು ಪುಟವನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದಳು. ‘ಮ’ ಯಾವುದು ಎಂದರೆ ಗೊತ್ತಿತ್ತು, ‘ರ’ ಯಾವುದು ಎಂದರೂ ಗೊತ್ತಿತ್ತು. ಎರಡನ್ನೂ ಸೇರಿಸಿ ಒಂದು ಪದವಾಗಿ ಓದುವುದು ಗೊತ್ತಿರಲಿಲ್ಲ. ಅಷ್ಟು ತಿಂಗಳುಗಳ ಕಾಲ ಅವಳು ಓದಿದ್ದೆಲ್ಲವೂ ವಿಡಿಯೊದಲ್ಲಿ ಕೇಳಿ ಬಾಯಿಪಾಠ ಮಾಡಿದ್ದು, ಚಿತ್ರ ನೋಡಿ ಊಹಿಸಿದ್ದು.

ಇದು ವರದಿಯಲ್ಲಿ ಯಾಕೆ ಕಾಣಲಿಲ್ಲ ಎಂಬುದನ್ನು ಪ್ರತಿ ತಂದೆತಾಯಿಯೂ ಅರಿತಿರಬೇಕು, ನಾನು ಹೇಳಬೇಕಾದ ಮುಖ್ಯ ವಿಷಯವೇ ಇದು. ಇಂಥ ಕಾರ್ಯಕ್ರಮಗಳಲ್ಲಿ ಪ್ರಶ್ನೆ ಅಕ್ಷರಗಳಲ್ಲಿರುತ್ತದೆ, ಸೂಚನೆ ಅಕ್ಷರಗಳಲ್ಲಿರುತ್ತದೆ, ಮುಂದಿನ ಪುಟಕ್ಕೆ ಹೋಗುವ ಗುಂಡಿಯ ಮೇಲೂ ಅಕ್ಷರಗಳಿರುತ್ತವೆ. ಓದಲು ಬಾರದ ಮಗುವಿಗೆ ಓದು ಕಲಿಸುವ ಸಾಧನವನ್ನು ಬಳಸಬೇಕಾದರೆ ಮೊದಲು ಓದಲು ಬರಬೇಕು. ಹಾಗಾಗಿ ಪೋಷಕರು ಪಕ್ಕದಲ್ಲಿ ಕೂತು ಸಹಾಯ ಮಾಡಬೇಕೆಂದು ಸಂಸ್ಥೆಯೇ ಲಿಖಿತವಾಗಿ ಸೂಚಿಸುತ್ತದೆ. ದೊಡ್ಡವರು ಪ್ರಶ್ನೆಯನ್ನು ಓದಿ ಹೇಳುತ್ತಾರೆ, ಮಗು ಚಿತ್ರವನ್ನು ಒತ್ತುತ್ತದೆ, ತಪ್ಪಾದರೆ ಮತ್ತೊಂದನ್ನು ಒತ್ತುತ್ತದೆ, ಕೊನೆಗೊಮ್ಮೆ ಹಸಿರು ಗುರುತು ಬರುತ್ತದೆ. ಹೀಗೆ ದೊಡ್ಡವರ ಓದು ಮಗುವಿನ ಪ್ರಗತಿಯಾಗಿ ದಾಖಲಾಗುತ್ತದೆ. ಆ ದಾಖಲೆಯನ್ನು ನೋಡಿ ಶಿಕ್ಷಕಿ ಮುಂದಿನ ಪಾಠಕ್ಕೆ ಹೋಗುತ್ತಾರೆ, ಮಗು ಇನ್ನಷ್ಟು ಹಿಂದುಳಿಯುತ್ತದೆ, ವರದಿ ಮಾತ್ರ ಇನ್ನಷ್ಟು ಚೆನ್ನಾಗುತ್ತಾ ಹೋಗುತ್ತದೆ. ನಾವು ಕರೆ ಮಾಡಿ ವಿಷಯವನ್ನು ವಿವರಿಸಿದಾಗ, ‘ನಿಮ್ಮ ಮಗಳ ರಿಪೋರ್ಟ್ ಪೂರ್ತಿ ಹಸಿರಾಗಿದೆ ಮೇಡಂ, ನೀವು ಸುಮ್ಮನೆ ಗಾಬರಿಯಾಗುತ್ತಿದ್ದೀರಿ’ ಎಂದರು. ಪುಸ್ತಕವನ್ನು ಹಿಡಿಸಿ ಮಗುವಿನಿಂದ ಐದು ನಿಮಿಷ ಓದಿಸಿ ನೋಡಿ ಎಂದು ಕೇಳಿಕೊಂಡರೂ ಅದಕ್ಕೆ ಸಮಯ ಸಿಗಲಿಲ್ಲ.

ಮನೆಯಿಂದ ಕಲಿಯುವುದೆಲ್ಲವೂ ಮೋಸ ಎಂದು ನಾನು ಹೇಳುವುದಿಲ್ಲ. ಯುನೆಸ್ಕೊ ಅಂದಾಜಿನಂತೆ 2020ರಲ್ಲಿ ಕೋವಿಡ್ ಕಾರಣದಿಂದ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆಗಳು ಮುಚ್ಚಿ, 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಮನೆಯಲ್ಲಿ ಉಳಿದರು. ಆಗ ಬೇರೆ ದಾರಿಯಿರಲಿಲ್ಲ, ಮತ್ತು ಪರದೆಯ ಮೂಲಕವೇ ಮಕ್ಕಳ ಕೈಬಿಡದೆ ಕಲಿಸಿದ ಶಿಕ್ಷಕರ ಮೇಲೆ ನನಗೆ ಗೌರವವಿದೆ. ದೀರ್ಘಕಾಲದ ಕಾಯಿಲೆಯಿರುವ ಮಗುವಿಗೆ ಇಂದಿಗೂ ಅದೊಂದೇ ಮಾರ್ಗವಾಗಿರಬಹುದು. ಆದರೆ ಆ ಅನುಭವ ಹೇಳಿಕೊಟ್ಟದ್ದನ್ನೂ ಮರೆಯಬಾರದು. ಮನೆಮನೆಯಲ್ಲೂ ಉತ್ತಮ ಇಂಟರ್ನೆಟ್ ಇರುವ, ಶಾಲೆಗಳು ಮೊದಲ ಸುತ್ತಿನಲ್ಲಿ ಸುಮಾರು 8 ವಾರಗಳಷ್ಟೇ ಮುಚ್ಚಿದ್ದ ನೆದರ್ಲೆಂಡ್ಸ್‌ನಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ಪರೀಕ್ಷೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶಾಲಾ ವರ್ಷದ ಐದನೇ ಒಂದು ಭಾಗದಷ್ಟು ಕಲಿಕೆ ನಷ್ಟವಾಗಿದೆ ಎಂದು ಲೆಕ್ಕಹಾಕಿತು. ಅಂದರೆ ಮುಚ್ಚಿದ್ದ ಅವಧಿಗೆ ಹೆಚ್ಚುಕಡಿಮೆ ಸಮನಾದ ನಷ್ಟ. ಆ ಮಕ್ಕಳ ವಯಸ್ಸು 8ರಿಂದ 11, ಅವರಿಗೆ ಆಗಲೇ ಓದಲು ಬರುತ್ತಿತ್ತು. ಅಕ್ಷರವನ್ನೇ ಇನ್ನೂ ಕಲಿಯುತ್ತಿರುವವರ ಪಾಡನ್ನು ನೀವೇ ಯೋಚಿಸಿ. ಅನಿವಾರ್ಯ ಕಾಲದಲ್ಲಿ ಬಳಸಿದ ಊರುಗೋಲನ್ನೇ ಕಾಲಿಗಿಂತ ಮೇಲು ಎಂದು ಮಾರುವವರ ಮಾತನ್ನು ನಂಬಬೇಡಿ.

ಕಣ್ಣಿನ ಬಗ್ಗೆಯೂ ಒಂದೆರಡು ಮಾತು. ಮಗಳು ಕಣ್ಣುಜ್ಜಿಕೊಳ್ಳಲು, ಸಂಜೆಯ ಹೊತ್ತಿಗೆ ತಲೆನೋವೆನ್ನಲು ಶುರುಮಾಡಿದಾಗ ವೈದ್ಯರಿಗೆ ತೋರಿಸಿದೆವು. ಕನ್ನಡಕ ಬೇಕಾಗಲಿಲ್ಲ, ಆದರೆ ಹತ್ತಿರದ ನೋಟ ಕಡಿಮೆ ಮಾಡಿ ಹಗಲ ಬೆಳಕಿನಲ್ಲಿ ಹೊರಗೆ ಆಡಿಸಿ ಎಂದರು. ಚೀನಾದ ಫೈಚೆಂಗ್ ನಗರದ ಶಾಲಾ ಮಕ್ಕಳ ತಪಾಸಣೆಯಲ್ಲಿ, 2015ರಿಂದ 2019ರವರೆಗೆ 6 ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿಯ (ದೂರದ್ದು ಮಸುಕಾಗಿ ಕಾಣುವ ದೋಷದ) ಪ್ರಮಾಣ ಯಾವ ವರ್ಷವೂ ಶೇ. 5.7ನ್ನು ಮೀರಿರಲಿಲ್ಲ, ಮನೆಯೊಳಗೇ ಉಳಿದ 2020ರಲ್ಲಿ ಅದು ಶೇ. 21.5ಕ್ಕೆ ಏರಿತ್ತು. ಪರದೆಯೊಂದೇ ಅದಕ್ಕೆ ಕಾರಣವೆಂದು ಹೇಳಲಾಗದು, ಹೊರಗಿನ ಬೆಳಕು ಸಿಗದಿರುವುದೂ ಕಣ್ಣಿಗೆ ಹಾನಿ. ಆದರೆ ದಿನವಿಡೀ ಆನ್‌ಲೈನ್ ಶಾಲೆಯೆಂದರೆ ಈ ಎರಡೂ ಒಟ್ಟಿಗೆ ಬರುತ್ತವೆ.

ನಾವು ನಿರೀಕ್ಷಿಸಿಯೇ ಇರದ ಇನ್ನೊಂದು ಆಘಾತವೆಂದರೆ ಮಗಳ ಮುಖ ಸಂಸ್ಥೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು. ತರಗತಿಗಳನ್ನು ಧ್ವನಿಮುದ್ರಣ, ಚಿತ್ರೀಕರಣ ಮಾಡಿ ಇಟ್ಟುಕೊಳ್ಳುತ್ತಿದ್ದರು. ಅದರ ತುಣುಕೊಂದನ್ನು ನಮ್ಮನ್ನು ಕೇಳದೆ ಪ್ರಚಾರಕ್ಕೆ ಬಳಸಿದ್ದರು, ಪ್ರಶ್ನಿಸಿದಾಗ ಸೇರುವ ವೇಳೆ ಒಪ್ಪಿದ ನಿಯಮಗಳಲ್ಲಿ ಅದು ಸೇರಿದೆ ಎಂದರು. ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2022ರಲ್ಲಿ, ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ ಕಲಿಕಾ ಆ್ಯಪ್ ಮತ್ತು ಜಾಲತಾಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ಶೇ. 89ರಷ್ಟು ಮಕ್ಕಳ ಮಾಹಿತಿಯ ವಿಷಯದಲ್ಲಿ ಅವರ ಹಕ್ಕುಗಳಿಗೆ ಧಕ್ಕೆ ತರುವಂತೆ ನಡೆದುಕೊಂಡಿವೆ ಎಂದು ಹೇಳಿತ್ತು. ಸರ್ಕಾರಗಳೇ ಶಿಫಾರಸು ಮಾಡಿದವುಗಳ ಸ್ಥಿತಿ ಹೀಗಿರುವಾಗ, ಖಾಸಗಿಯಾಗಿ ಹುಡುಕಿಕೊಂಡ ಆ್ಯಪ್‌ನ ನಿಯಮಗಳನ್ನು ಓದದೆ ಸಹಿ ಹಾಕಿಸಿಕೊಳ್ಳುವ ಆತುರಕ್ಕೆ ಎಡೆಗೊಡಬೇಡಿ.

ಈಗಾಗಲೇ ಮಗುವನ್ನು ಇಂಥಲ್ಲಿ ಸೇರಿಸಿದ್ದರೆ ಇವತ್ತೇ ಮನೆಯಲ್ಲಿ ಪರೀಕ್ಷಿಸಿ. ಓದಿ ಗೊತ್ತಿರುವ ಪುಟದಲ್ಲಿ ಚಿತ್ರವನ್ನು ಮುಚ್ಚಿ, ಕೊನೆಯ ಪದದಿಂದ ಮೊದಲಿಗೆ ಹಿಂದುಮುಂದಾಗಿ ಓದಿಸಿ. ಅದಕ್ಕಿಂತ ಖಚಿತವಾದದ್ದು, ಅರ್ಥವೇ ಇಲ್ಲದ ಪದಗಳನ್ನು ಹಾಳೆಯ ಮೇಲೆ ಬರೆದು ಓದಿಸುವುದು. ‘ತಗಪ’, ‘ಮಳಟ’ ಎಂಬಂಥವನ್ನು ಯಾವ ಮಗುವೂ ಮೊದಲು ಕೇಳಿರುವುದಿಲ್ಲ, ಆದ್ದರಿಂದ ಊಹಿಸಲು, ನೆನಪಿಸಿಕೊಳ್ಳಲು ಅವಕಾಶವಿರುವುದಿಲ್ಲ. ಅಕ್ಷರಗಳನ್ನು ಸೇರಿಸಿ ಓದಲು ಬರುವ ಮಗು ನಿಧಾನವಾಗಿಯಾದರೂ ಓದುತ್ತದೆ. ಜೊತೆಗೆ ನಾಲ್ಕು ಪದಗಳ ಉಕ್ತಲೇಖನ ಕೊಟ್ಟು, ಬರೆದ ಹಾಳೆಯ ಬದಲು ಬರೆಯುವ ಕೈಯನ್ನು ನೋಡಿ. ಪರೀಕ್ಷೆ ಎಂಬ ಮಾತನ್ನು ಮಗುವಿನ ಮುಂದೆ ಆಡಬೇಡಿ, ಬಾರದಿದ್ದರೆ ಗದರಬೇಡಿ; ಕಲಿಸದೆ ಇದ್ದುದಕ್ಕೆ ಮಗು ಹೊಣೆಯಲ್ಲ.

ಇನ್ನೂ ಸೇರಿಸಿಲ್ಲವಾದರೆ ಮಾದರಿ ತರಗತಿಯನ್ನು ನೋಡಿ ತೀರ್ಮಾನಿಸಬೇಡಿ, ವರ್ಷದ ನಡುವಿನ ಒಂದು ಸಾಮಾನ್ಯ ತರಗತಿಯನ್ನು ಪೂರ್ತಿ ಕೂತು ನೋಡಲು ಬಿಡಿ ಎಂದು ಕೇಳಿ. ಆ ತರಗತಿಯಲ್ಲಿ ಒಂದೊಂದು ಮಗುವೂ ಎಷ್ಟು ಹೊತ್ತು ಬಾಯಿಬಿಟ್ಟು ಓದಿತು ಎಂಬುದನ್ನು ಗಮನಿಸಿ. ಮಗು ಬರೆಯುವುದನ್ನು ಶಿಕ್ಷಕಿ ಹೇಗೆ ನೋಡುತ್ತಾರೆ ಎಂದು ವಿಚಾರಿಸಿ. ಕೈಯ ಮೇಲಿನಿಂದ ಕಾಣುವಂತೆ ಎರಡನೆಯ ಕ್ಯಾಮೆರಾ ಇಡಿಸುವ, ಮಗುವೊಂದರ ಜೊತೆಯೇ ವಾರಕ್ಕೊಮ್ಮೆಯಾದರೂ ಕೂರುವ ವ್ಯವಸ್ಥೆಯಿದ್ದರೆ ಅವರಿಗೆ ಈ ವಯಸ್ಸಿನ ಅಗತ್ಯ ತಿಳಿದಿದೆ ಎಂದರ್ಥ. ಪ್ರಗತಿಯನ್ನು ಹೇಗೆ ಅಳೆಯುತ್ತೀರಿ ಎಂಬ ಪ್ರಶ್ನೆಗೆ ಆ್ಯಪ್‌ನ ಅಂಕಿಗಳನ್ನಷ್ಟೇ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಗುಂಪಿನಲ್ಲಿ ಗರಿಷ್ಠ ಎಷ್ಟು ಮಕ್ಕಳು, ನಡುವೆ ಬಿಟ್ಟರೆ ಎಷ್ಟು ಶುಲ್ಕ ಮರಳುತ್ತದೆ, ಅವರು ಕೊಡುವ ಪ್ರಮಾಣಪತ್ರವನ್ನು ಬೇರೆ ಶಾಲೆಗಳು ಒಪ್ಪುತ್ತವೆಯೇ ಎಂಬುದೆಲ್ಲ ಲಿಖಿತವಾಗಿರಲಿ.

ಮಗಳು ಈಗ ಸಾಮಾನ್ಯ ಶಾಲೆಯಲ್ಲಿದ್ದಾಳೆ. ಒಂದನೇ ತರಗತಿಯಲ್ಲೇ ಮತ್ತೆ ಕೂರಿಸಬೇಕಾಯಿತು, ಅಲ್ಲಿನ ಶಿಕ್ಷಕಿ ಪಕ್ಕದಲ್ಲಿ ಕೂತು ‘ಮ’ದ ತಿರುವನ್ನು ಮೊದಲಿನಿಂದ ತಿದ್ದಿಸುತ್ತಿದ್ದಾರೆ. ಕಟ್ಟಿದ ಶುಲ್ಕ ಮರಳಿ ಬರಲಿಲ್ಲ. ಬಿಡುವ ನಿರ್ಧಾರ ಮಾಡಿದವರಿಗೆ ಕೊನೆಯದಾಗಿ ಒಂದು ಮಾತು: ಖಾತೆಯನ್ನು ಮುಚ್ಚಿಸುವ ಮೊದಲೇ ಒಪ್ಪಂದದ ಪ್ರತಿ, ಪಾವತಿಯ ರಸೀದಿ, ವಾರದ ವರದಿಗಳನ್ನು ಇಳಿಸಿಟ್ಟುಕೊಳ್ಳಿ, ಮತ್ತು ಮಗುವಿನ ಚಿತ್ರ, ಧ್ವನಿ, ವಿಡಿಯೊಗಳನ್ನು ಅಳಿಸಬೇಕೆಂದು ಇಮೇಲ್‌ನಲ್ಲಿ ಬರೆದು ಲಿಖಿತ ಉತ್ತರವನ್ನು ಪಡೆಯಿರಿ. ಖಾತೆ ಮುಚ್ಚಿದ ಮೇಲೆ ನಮಗೆ ಒಳಗೆ ಪ್ರವೇಶವೇ ಇಲ್ಲದಂತಾಯಿತು, ಅಲ್ಲಿ ಏನೇನು ಉಳಿದಿದೆ ಎಂಬುದನ್ನು ನೋಡಲು ಈಗ ನಮಗೆ ದಾರಿಯಿಲ್ಲ.