ಗಲ್ಲು ಬೇಡವೆಂಬ ಪುಸ್ತಿಕೆಯನ್ನು ಅಚ್ಚು ಮಾಡಿಕೊಟ್ಟ ಗಾಂಧಿ ಚೌಕದ ಪ್ರೆಸ್

ವಿಜಯಪುರದಲ್ಲಿ ಪುಸ್ತಿಕೆ, ಕರಪತ್ರ, ಸ್ಮರಣ ಸಂಚಿಕೆ ಮಾಡಿಸಬೇಕಾದವರಿಗೆ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿರುವ ಹಳೆಯ ಪ್ರೆಸ್ಸಿಗೆ ಹೋಗಿ ಎಂದು ಹೇಳುತ್ತೇನೆ. ಮಾಲೀಕರ ಹೆಸರನ್ನೂ ಅಂಗಡಿಯ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ನನ್ನ ಪುಸ್ತಿಕೆಯ ವಿಷಯಕ್ಕೆ ಅವರ ಒಪ್ಪಿಗೆ ಇಲ್ಲ, ಅದು ತಮ್ಮದೇ ಅಭಿಪ್ರಾಯವೆಂದು ಯಾರೂ ತಿಳಿಯಬಾರದು ಎಂದು ಕೇಳಿಕೊಂಡಿದ್ದಾರೆ. ಓಣಿಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಟ್ರೆಡಲ್ ಯಂತ್ರ ಇರುವ ಪ್ರೆಸ್ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅವರ ತಂದೆಯ ಕಾಲದ ಆ ಯಂತ್ರದಲ್ಲಿ ಈಗಲೂ ಬಿಲ್ ಪುಸ್ತಕಗಳಿಗೆ ನಂಬರ್ ಹಾಕುತ್ತಾರೆ. ಉಳಿದ ಕೆಲಸವೆಲ್ಲ ಒಂದು ಬಣ್ಣದ ಆಫ್‌ಸೆಟ್ ಯಂತ್ರದಲ್ಲಿ.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಡಾ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಕೊಂದು 2025ರ ಆಗಸ್ಟ್ 30ಕ್ಕೆ ಹತ್ತು ವರ್ಷ ತುಂಬುತ್ತಿತ್ತು. ಅವರು ನಮ್ಮ ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದವರು. ಶಾಸನ, ವಚನ, ಹಸ್ತಪ್ರತಿ ಎಂದು ಬದುಕಿಡೀ ದುಡಿದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಆ ದಿನಕ್ಕೆ ಹಂಚಲು 24 ಪುಟಗಳ ಒಂದು ಪುಸ್ತಿಕೆ ಬರೆದಿದ್ದೆ. ಅದರಲ್ಲಿ ನಾನು ಹೇಳಿದ್ದು ಇಷ್ಟು: ಒಂದು ವಿಚಾರವನ್ನು ಮುಗಿಸಲೆಂದು ಮನುಷ್ಯನನ್ನು ಕೊಂದವರ ಮೇಲೆ ಆರೋಪ ಸಾಬೀತಾದರೂ ಅವರನ್ನು ಗಲ್ಲಿಗೇರಿಸಬಾರದು. ಧಾರವಾಡದ ವಿಚಾರಣೆ ಇನ್ನೂ ಮುಗಿದಿಲ್ಲ. ತೀರ್ಪು ಬಂದ ದಿನ ಎಲ್ಲರೂ ಕೂಗುವ ಮೊದಲೇ ಈ ಮಾತನ್ನು ಹೇಳಿಬಿಡಬೇಕು ಎಂಬುದು ನನ್ನ ಆಸೆಯಾಗಿತ್ತು.

ಊರಿನ ಇನ್ನೊಂದು ಮುದ್ರಣಾಲಯದವರು ಮೊದಲ ಪುಟ ಓದಿ, ಇದೆಲ್ಲ ನಮಗೆ ಬೇಡ ಎಂದು ಹಸ್ತಪ್ರತಿಯನ್ನು ತಿರುಗಿ ಕೊಟ್ಟರು. ಕಾಕಾ ಮಾತ್ರ ಪೂರ್ತಿ ಓದಿದರು. ಓದಿ, ಕನ್ನಡಕ ತೆಗೆದಿಟ್ಟು, “ಅಕ್ಕೋರೆ, ಹೊಟ್ಟೆಗಿಲ್ಲದೆ ಕದಿಯಲು ಹೋಗಿ ಕೈಮೀರಿ ಕೊಂದವನನ್ನು ಬೇಕಾದರೆ ಬದುಕಲು ಬಿಡಿ. ಬಾಗಿಲು ಬಡಿದು ಕರೆದು ಗುಂಡು ಹಾರಿಸಿದವನ ಮೇಲೆ ಏತರ ದಯೆ? ಅವನಿಗೆ ಪಶ್ಚಾತ್ತಾಪವೂ ಇರುವುದಿಲ್ಲ” ಎಂದರು. ನಾನು ಕಾಗದಗಳನ್ನು ಎತ್ತಿಕೊಳ್ಳಲು ಕೈಚಾಚಿದೆ. “ಇಡಿ, ಇಡಿ. ಅಚ್ಚು ಮಾಡುವುದಿಲ್ಲ ಎಂದು ಯಾರು ಹೇಳಿದರು?” ಎಂದರು.

ಕೆಲಸದ ವಿಷಯ ಹೇಳುತ್ತೇನೆ. ಅಳತೆ ಡೆಮಿ ಅಷ್ಟದಳ, ಸಾಮಾನ್ಯ ಪುಸ್ತಕದ ಅಳತೆ. ಹದಿನಾರು ಪುಟಕ್ಕೆ ಒಂದು ಫಾರ್ಮ್, ಅಂದರೆ ಒಂದೂವರೆ ಫಾರ್ಮ್, ಜೊತೆಗೆ ಮುಖಪುಟ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳುಹಿಸಿದ್ದೆ. ಅವರು ಪುಟ ಕಟ್ಟುವುದು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಹೀಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ, ಕೆಲವೆಡೆ ಪದವೇ ಮಾಯವಾಗುತ್ತದೆ. ಅನೇಕ ಕಡೆ ಅದನ್ನು ಹಾಗೆಯೇ ಬಿಟ್ಟು, ತಿದ್ದುವ ಹೊಣೆಯನ್ನು ಬರೆದವರ ತಲೆಗೆ ಕಟ್ಟುತ್ತಾರೆ. ಇಲ್ಲಿ ಡಿಟಿಪಿ ಮಾಡುವ ಹುಡುಗಿ ನನ್ನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸಿದ್ದಳು. ಮೊದಲ ಕರಡು ಕೈಗೆ ಬಂದಾಗ ನನಗೆ ತಿದ್ದಲು ಸಿಕ್ಕಿದ್ದು ತೀರ ಕಡಿಮೆ.

ಎರಡನೇ ಕರಡನ್ನು ಕಾಕಾ ತಾವೇ ಕೆಂಪು ಪೆನ್ನು ಹಿಡಿದು ಓದುತ್ತಾರೆ. ಈ ಪ್ರೆಸ್ಸಿನ ಹೆಚ್ಚುಗಾರಿಕೆ ಇದು. ಒಪ್ಪದ ಮಾತನ್ನು ಅವರು ತಿದ್ದುವುದಿಲ್ಲ, ಅಂಚಿನಲ್ಲಿ ಪ್ರಶ್ನೆ ಬರೆಯುತ್ತಾರೆ. ನನ್ನ ಕರಡಿನಲ್ಲಿ ಅತಿ ದೊಡ್ಡ ಪ್ರಶ್ನೆ ಇದ್ದದ್ದು ಕಾನೂನು ಆಯೋಗದ ಪುಟದ ಪಕ್ಕದಲ್ಲಿ.

ನ್ಯಾಯಮೂರ್ತಿ ಎ.ಪಿ. ಷಾ ಅವರ ಅಧ್ಯಕ್ಷತೆಯ ಕಾನೂನು ಆಯೋಗ ಮರಣದಂಡನೆಯ ಬಗ್ಗೆ ತನ್ನ 262ನೇ ವರದಿ ಕೊಟ್ಟದ್ದು 2015ರ ಆಗಸ್ಟ್ 31ರಂದು. ಕಲಬುರ್ಗಿಯವರನ್ನು ಕೊಂದ ಮರುದಿನ. ಆ ವರದಿ ಮರಣದಂಡನೆಯನ್ನು ತೆಗೆದುಹಾಕಿ ಎಂದು ಹೇಳಿತು, ಆದರೆ ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಸಾರಿದ ಅಪರಾಧಗಳನ್ನು ಹೊರಗಿಟ್ಟಿತು. “ಆಯೋಗವೇ ಬಿಟ್ಟಿದ್ದನ್ನು ನೀವೇಕೆ ಹಿಡಿಯುತ್ತೀರಿ?” ಎಂದು ಕಾಕಾ ಬರೆದಿದ್ದರು. ಆ ಒಂದು ಪ್ರಶ್ನೆಗಾಗಿ ಆ ಪುಟವನ್ನು ಮತ್ತೆ ಬರೆದೆ, ಅದು ಮೂರು ಪುಟವಾಯಿತು.

ತಪ್ಪು ತೀರ್ಪಿನ ಭಯ ಅತಿ ಹೆಚ್ಚು ಇರುವುದು ಆಯೋಗ ಹೊರಗಿಟ್ಟ ಜಾಗದಲ್ಲೇ. ಊರಿಗೆ ಊರೇ ಸಿಟ್ಟಿನಲ್ಲಿ ಕುದಿಯುವಾಗ ಯಾರನ್ನಾದರೂ ಹಿಡಿದು ತರಲೇಬೇಕೆಂಬ ಒತ್ತಡ ಪೊಲೀಸರ ಮೇಲಿರುತ್ತದೆ. 2002ರಲ್ಲಿ ಗಾಂಧಿನಗರದ ಅಕ್ಷರಧಾಮ ದೇವಾಲಯದ ಮೇಲೆ ದಾಳಿಯಾಯಿತು. ಆರು ಜನರಿಗೆ ಶಿಕ್ಷೆಯಾಯಿತು, ಅವರಲ್ಲಿ ಮೂವರಿಗೆ ಗಲ್ಲು. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. 2014ರ ಮೇ 16ರಂದು ಸುಪ್ರೀಂ ಕೋರ್ಟ್ ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಲೋಕಸಭಾ ಚುನಾವಣೆಯ ಫಲಿತಾಂಶದ ದಿನವೇ ಬಂದ ಈ ತೀರ್ಪು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಆ ಮೂವರನ್ನು ನಡುವೆ ನೇಣಿಗೆ ಹಾಕಿದ್ದರೆ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡುವುದಾದರೂ ಯಾರನ್ನು?

ಪುಟಗಳು ಸಿದ್ಧವಾಗಿ ಪ್ಲೇಟ್‌ಗೆ ಹೋಗಬೇಕಿದ್ದ ಹೊತ್ತಿನಲ್ಲಿ, ಜುಲೈ 21ರಂದು ಬಾಂಬೆ ಹೈಕೋರ್ಟಿನ ತೀರ್ಪು ಬಂತು. 2006ರ ಮುಂಬೈ ರೈಲು ಸ್ಫೋಟದ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಹನ್ನೆರಡು ಜನರನ್ನೂ ಅದು ಖುಲಾಸೆ ಮಾಡಿತ್ತು. ಅವರಲ್ಲಿ ಐವರಿಗೆ 2015ರಲ್ಲಿ ಮರಣದಂಡನೆ ಆಗಿತ್ತು, ಆ ಐವರಲ್ಲಿ ಒಬ್ಬರು 2021ರಲ್ಲಿ ಸೆರೆಯಲ್ಲೇ ತೀರಿಕೊಂಡಿದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ, ಅಲ್ಲಿ ಏನಾಗುವುದೋ ನೋಡಬೇಕು. ಆದರೆ ಹತ್ತು ವರ್ಷ ನೇಣಿನ ನೆರಳಲ್ಲಿ ಕುಳಿತವರ ಬಗ್ಗೆ ಎರಡು ನ್ಯಾಯಾಲಯಗಳು ಇಷ್ಟು ಬೇರೆ ಮಾತು ಹೇಳಬಹುದಾದರೆ, ತಿರುಗಿ ತರಲಾಗದ ಶಿಕ್ಷೆಯನ್ನು ಯಾವ ಧೈರ್ಯದ ಮೇಲೆ ಕೊಡುವುದು? ಕಾಕಾಗೆ ಫೋನ್ ಮಾಡಿದೆ. “ಪ್ಲೇಟ್ ಇನ್ನೂ ಆಗಿಲ್ಲ, ಸಂಜೆಯೊಳಗೆ ಬರೆದು ಕೊಡಿ” ಎಂದರು. ಪುಟ ಮತ್ತೆ ಕಟ್ಟಿದ್ದಕ್ಕೆ ಹೆಚ್ಚಿನ ದುಡ್ಡು ಕೇಳಲಿಲ್ಲ. ತಮ್ಮ ವಾದಕ್ಕೆ ಪೆಟ್ಟು ಕೊಡುವ ಭಾಗವನ್ನು ತಾವೇ ಜಾಗ ಮಾಡಿ ಸೇರಿಸಿಕೊಟ್ಟರು.

ಡಿಟಿಪಿಯ ಹುಡುಗಿಯ ಬಗ್ಗೆಯೂ ಹೇಳಬೇಕು. ಒಂದು ಕಡೆ ನಾನು ನಮ್ಮ ಹಲಗಲಿಯ ಬೇಡರ ವಿಷಯ ಬರೆದಿದ್ದೆ. 1857ರಲ್ಲಿ ಆಯುಧ ಒಪ್ಪಿಸಲು ಒಪ್ಪದೆ ಬ್ರಿಟಿಷರ ಎದುರು ನಿಂತವರನ್ನು ಆ ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಜನರ ಕಣ್ಣೆದುರು ನೇಣಿಗೆ ಹಾಕಿದರು. ಹೆದರಿಸಲು ಹಾಕಿದ ನೇಣು, ಆದರೆ ಜನ ಲಾವಣಿ ಕಟ್ಟಿದರು. ಅದರ ಮುಂದೆಯೇ, 1949ರ ನವೆಂಬರ್ 15ರಂದು ಅಂಬಾಲಾದಲ್ಲಿ ಗೋಡ್ಸೆ ಮತ್ತು ಆಪ್ಟೆಯನ್ನು ಗಲ್ಲಿಗೇರಿಸಿದ್ದು, ಆ ದಿನವನ್ನು ಬಲಿದಾನದ ದಿನವೆಂದು ಆಚರಿಸುವವರು ಇಂದಿಗೂ ಇರುವುದು ಬಂದಿತ್ತು. “ಅಕ್ಕೋರೆ, ನಿಮ್ಮ ಮಾತು ನನಗೆ ತಿಳಿಯಿತು. ಆದರೆ ಹಲಗಲಿಯವರ ಎದುರು ಪುಟದಲ್ಲಿ ಗೋಡ್ಸೆ ಬಂದರೆ ಓದುವವರು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಿರಿ ಎಂದುಕೊಳ್ಳುತ್ತಾರೆ” ಎಂದಳು. ಎರಡನ್ನೂ ಬೇರೆ ಬೇರೆ ಹಾಳೆಗೆ ಸರಿಸಿ, ನಡುವೆ ನನ್ನದೊಂದು ಸ್ಪಷ್ಟನೆಗೆ ಜಾಗ ಬಿಟ್ಟುಕೊಟ್ಟಳು. ಅಲ್ಲಿ ಹೀಗೆ ಬರೆದೆ: ನೆಲಕ್ಕಾಗಿ ಹೋರಾಡಿದವರೂ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದ ಮುದುಕನನ್ನು ಕೊಂದವರೂ ಎಂದಿಗೂ ಸಮರಲ್ಲ. ಆದರೆ ನೇಣಿನಿಂದ ಒಂದು ನಂಬಿಕೆ ಸಾಯುತ್ತದೆ ಎನ್ನುವವರು ಇತಿಹಾಸದಲ್ಲಿ ಒಂದೇ ಒಂದು ಉದಾಹರಣೆ ತೋರಿಸಲಿ. ಅದೇ ಸಂಚಿನಲ್ಲಿ ಜೀವಾವಧಿ ಶಿಕ್ಷೆಯಾಗಿ 1964ರಲ್ಲಿ ಹೊರಬಂದ ಅವನ ತಮ್ಮ ಗೋಪಾಲ ಗೋಡ್ಸೆಗೆ ಬಲಿದಾನದ ದಿನವಿಲ್ಲ.

ಗಾಂಧೀಜಿಯ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸ್ ಆ ಗಲ್ಲು ಬೇಡವೆಂದು ಕೇಳಿಕೊಂಡದ್ದು, 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀವಂತ ಸುಟ್ಟವರನ್ನು ಗ್ಲ್ಯಾಡಿಸ್ ಸ್ಟೇನ್ಸ್ ಕ್ಷಮಿಸಿದ್ದು ಒಂದು ಪುಟದಲ್ಲಿವೆ. ಅದನ್ನು ಚಿಕ್ಕದಾಗಿಯೇ ಇಟ್ಟೆ. ಕಳೆದುಕೊಂಡ ಎಲ್ಲರಿಂದಲೂ ಕ್ಷಮೆಯನ್ನು ಕೇಳಲು ನಾನು ಯಾರು?

ಕಾಕಾ ಮೆಚ್ಚಿದ್ದು ಕಲ್ಯಾಣದ ಪುಟವನ್ನು. ಬಸವನ ಬಾಗೇವಾಡಿಯ ಜಿಲ್ಲೆಯವರಿಗೆ ಆ ಕಥೆ ಹೇಳಿಕೊಡಬೇಕಿಲ್ಲ. ಹರಳಯ್ಯ ಮಧುವರಸರಿಗೆ ಬಿಜ್ಜಳ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ಕೊಟ್ಟ, ಅದಕ್ಕೆ ಸೇಡಾಗಿ ಜಗದೇವ ಬಿಜ್ಜಳನನ್ನು ಕೊಂದ, ಶರಣರು ಚೆದುರಿ ಉಳವಿಯ ದಾರಿ ಹಿಡಿದರು ಎಂಬುದು ಪರಂಪರೆ ಹೇಳುವ ಮಾತು. ಅರಸನ ದಂಡನೆಯೂ ಶರಣನ ಸೇಡೂ ಸೇರಿ ಕಲ್ಯಾಣವನ್ನು ಬರಿದು ಮಾಡಿದವು. ಇದರ ಅಂಚಿನಲ್ಲಿ ಕಾಕಾ ಏನನ್ನೂ ಬರೆದಿರಲಿಲ್ಲ.

ಕೊನೆಯ ಪುಟದ ಅಂಚಿನಲ್ಲಿ ಮಾತ್ರ “ಹದಿನಾಲ್ಕು ವರ್ಷಕ್ಕೆ ಹೊರಬಂದು ಮತ್ತೊಬ್ಬರನ್ನು ಕೊಂದರೆ?” ಎಂದಿತ್ತು. ಬಹಳ ಜನ ಕೇಳುವ ಪ್ರಶ್ನೆ ಇದು, ಉತ್ತರವೂ ಕರ್ನಾಟಕದ ಪ್ರಕರಣದಲ್ಲೇ ಇದೆ. ಹೆಂಡತಿಯನ್ನು ಕೊಂದ ಶ್ರದ್ಧಾನಂದನ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ತಪ್ಪಿಸಿ, ಜೀವವಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸ ವಿಧಿಸಿತು. ಜನರನ್ನು ಕಾಪಾಡಲು ಅಷ್ಟು ಸಾಕು. ವಿಚಾರವಾದಿ ನರೇಂದ್ರ ದಾಭೋಲ್ಕರ್ ಅವರ ಹತ್ಯೆಯಲ್ಲಿ 2024ರ ಮೇ ತಿಂಗಳಲ್ಲಿ ಪುಣೆಯ ನ್ಯಾಯಾಲಯ ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಕೊಟ್ಟಿತು, ಉಳಿದ ಮೂವರನ್ನು ಸಾಕ್ಷ್ಯವಿಲ್ಲವೆಂದು ಬಿಟ್ಟಿತು. ಗುಂಡು ಹಾರಿಸುವ ಕೈ ಸಿಕ್ಕರೂ ಕಳುಹಿಸಿದ ತಲೆ ಸಿಗುವುದು ಕಷ್ಟ ಎಂಬುದು ಇಂಥ ಪ್ರಕರಣಗಳ ಸಂಕಟ. ಹಾರಿಸಿದವನು ಬದುಕಿದ್ದರೆ ಎಂದಾದರೂ ಬಾಯಿ ಬಿಡಬಹುದು. ಗಲ್ಲಿಗೇರಿಸಿದರೆ ಕಳುಹಿಸಿದವರು ನಿಶ್ಚಿಂತರಾಗುತ್ತಾರೆ.

ಇದಕ್ಕಿಂತ ದೊಡ್ಡ ಕಾರಣವೊಂದು ನನ್ನದು. ವಿಚಾರಕ್ಕಾಗಿ ಕೊಲ್ಲುವವನ ನಂಬಿಕೆ ಏನೆಂದರೆ, ಈ ಮನುಷ್ಯ ಇರಬಾರದು, ಇವನು ಹೋದರೆ ಇವನ ಮಾತೂ ಹೋಗುತ್ತದೆ ಎಂಬುದು. ಅವನಿಗೆ ಗಲ್ಲು ಕೇಳುವಾಗ ನಾವು ಅವನ ಬಗ್ಗೆ ಅದನ್ನೇ ಹೇಳುತ್ತೇವೆ. ಅದೂ ನಮ್ಮೆಲ್ಲರ ಹೆಸರಿನಲ್ಲಿ, ದಿನ ಗೊತ್ತು ಮಾಡಿ, ಬೆಳಗಾವಿಯ ಹಿಂಡಲಗಾ ಜೈಲಿನಂಥ ಕಡೆ ಕೈಕಟ್ಟಿ ನಿಲ್ಲಿಸಿ. ಕಲಬುರ್ಗಿಯವರ ವಿರುದ್ಧ ಯಾರಿಗಾದರೂ ಏನಾದರೂ ಹೇಳಬೇಕಿದ್ದರೆ ಕಾಗದ ಇತ್ತು, ಪ್ರೆಸ್ ಇತ್ತು, ಸಭೆ ಇತ್ತು. ಅವರನ್ನು ಕೊಂದವನು ಬದುಕಿರಬೇಕು. ಸೆರೆಯಲ್ಲಿ ವಯಸ್ಸಾಗುತ್ತ, ಅವರು ಸಂಪಾದಿಸಿದ ವಚನ ಸಂಪುಟಗಳು ಹೊರಗೆ ಇನ್ನೂ ಓದಿಸಿಕೊಳ್ಳುತ್ತಿವೆ ಎಂದು ತಿಳಿಯುತ್ತ ಬದುಕಿರಬೇಕು.

ಇನ್ನು ಮುದ್ರಣದ ಗುಣ. ಒಳಪುಟಗಳಿಗೆ 70 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೋ ಕಾಗದ ಹಾಕಿದ್ದಾರೆ. ಹಿಂದಿನ ಅಕ್ಷರ ಮುಂದೆ ಕಾಣುವುದಿಲ್ಲ, ವಯಸ್ಸಾದವರಿಗೂ ಓದಲು ಹಿತವಾಗಿದೆ. ಮುಖಪುಟ ನಾಲ್ಕು ಬಣ್ಣದಲ್ಲಿ ಬೇಕಿದ್ದರೆ ಹೊರಗೆ ಕಳುಹಿಸಬೇಕಾಗುತ್ತದೆ, ದುಡ್ಡೂ ಸಮಯವೂ ಹೆಚ್ಚು. ನಾನು ಒಂದೇ ಬಣ್ಣ ಸಾಕೆಂದೆ. ಕೊರತೆಗಳೂ ಇವೆ. ಎರಡು ಕಟ್ಟುಗಳಲ್ಲಿ ಮಸಿ ತೆಳುವಾಗಿತ್ತು, ಕೆಲವು ಪ್ರತಿಗಳಲ್ಲಿ ಪಿನ್ ಮಡಿಕೆಯಿಂದ ಸರಿದಿತ್ತು. ತೋರಿಸಿದಾಗ ಮರುಮಾತಿಲ್ಲದೆ ಬದಲಿಸಿಕೊಟ್ಟರು. ಮಾತು ಕೊಟ್ಟ ದಿನಕ್ಕಿಂತ ತಡವಾಯಿತು. ಆಗಸ್ಟ್‌ನಲ್ಲಿ ಗಣೇಶ ಮಂಡಳಿಗಳ ಪಾವತಿ ಪುಸ್ತಕಗಳು ಸಾಲುಗಟ್ಟುತ್ತವೆ, ನಡುವೆ ಕರೆಂಟೂ ಕೈಕೊಡುತ್ತದೆ. ಆದರೂ 30ರ ಸಭೆಗೆ ಮೊದಲೇ ಕಟ್ಟುಗಳು ನನ್ನ ಮನೆಗೆ ಬಂದಿದ್ದವು.

500 ಪ್ರತಿಗಳಿಗೆ 13,500 ರೂಪಾಯಿ ಆಯಿತು, ಒಂದಕ್ಕೆ 27. ಅರ್ಧ ಮುಂಗಡ, ಬಾಕಿ ಪ್ರತಿಗಳನ್ನು ಪಡೆಯುವಾಗ. ಬೇರೆ ಕಡೆ ಎರಡು ಮೂರು ರೂಪಾಯಿ ಕಡಿಮೆಗೆ ಸಿಗಬಹುದು. ಆದರೆ ನಿಮ್ಮ ಬರಹವನ್ನು ನಿಮ್ಮ ಎದುರಾಳಿಯೇ ಕೂತು ಓದಿ, ಒಂದು ಅಕ್ಷರವನ್ನೂ ಕೆಡಿಸದೆ, ಸೋತ ಜಾಗದಲ್ಲಿ ಪ್ರಶ್ನೆ ಹಾಕಿ ಕೊಡುವ ಕೆಲಸಕ್ಕೆ ಈ ಊರಿನಲ್ಲಿ ಬೇರೆ ಅಂಗಡಿಯನ್ನು ನಾನು ಕಂಡಿಲ್ಲ. ಕಾಕಾ ಈಗಲೂ ಗಲ್ಲಿನ ಪರವಾಗಿಯೇ ಇದ್ದಾರೆ. ನನಗೆ ಉತ್ತರವಾಗಿ ಎಂಟು ಪುಟ ಬರೆಯುವುದಾಗಿ ಹೇಳಿದ್ದಾರೆ, ಕರಡು ತಿದ್ದಿಕೊಡಲು ಒಪ್ಪಿದ್ದೇನೆ.

ಹೋಗುವವರು ಬರಹವನ್ನು ಟೈಪ್ ಮಾಡಿಯೇ ಒಯ್ಯಿರಿ. ಕಾಗದದ ಮೇಲಿನ ಕರಡನ್ನು ಕೇಳಿ ಪಡೆಯಿರಿ, ಮೊಬೈಲಿಗೆ ಬಂದ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ಅವಸರವಿಲ್ಲದಿದ್ದರೆ ಗಣೇಶ ಹಬ್ಬ ಕಳೆದ ಮೇಲೆ ಹೋಗಿ.