ನೇತ್ರಾಣಿ ಸ್ಕೂಬಾ ಪ್ಯಾಕೇಜ್‌ಗೆ ದುಡ್ಡು ಹಾಕೋ ಮುಂಚೆ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ಯಾವತ್ತು ನೋಡ್ಕೊಳ್ಳಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಒಂದು ಪೋಸ್ಟರ್ ಓಡಾಡ್ತಿದೆ. ಮುರ್ಡೇಶ್ವರ ದರ್ಶನ, ನೇತ್ರಾಣಿ ದ್ವೀಪದ ಹತ್ರ ಸ್ಕೂಬಾ (ಗಾಳಿ ಸಿಲಿಂಡರ್ ಹೊತ್ತು ನೀರೊಳಗೆ ಈಜೋದು), ಊಟ, ವಿಡಿಯೋ ಎಲ್ಲಾ ಸೇರಿ ಒಂದೇ ರೇಟು. ರಾತ್ರಿ ಟಿಟಿ ಹತ್ತೋದು, ಬೆಳಿಗ್ಗೆ ನೀರಿಗಿಳಿಯೋದು, ಸಂಜೆ ವಾಪಸ್. ದಯವಿಟ್ಟು ಅಡ್ವಾನ್ಸ್ ಹಾಕಬೇಡಿ. ಹಾಕಲೇಬೇಕು ಅಂದ್ರೆ ಇದನ್ನ ಓದಿ ಹಾಕಿ.

ನಾವು ಇದೇ ಪ್ಯಾಕೇಜ್‌ನಲ್ಲಿ ಹೋಗಿ ಬಂದವರು. ಏಜೆಂಟ್ ಜೊತೆ ಫೋನಲ್ಲಿ ಆದ ಮಾತು: ಇಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್, ದ್ವೀಪದ ಮರೆ ಇರೋ ಬದಿಯಲ್ಲೇ ಡೈವ್, ಸೆಳವು ಜಾಸ್ತಿ ಇದ್ರೆ ಕ್ಯಾನ್ಸಲ್, ಪೂರ್ತಿ ದುಡ್ಡು ವಾಪಸ್. ಸಿಕ್ಕಿದ್ದು: ಆರು ಜನಕ್ಕೆ ಒಬ್ಬ, ತೆರೆದ ಬದಿಯಲ್ಲಿ ಲಂಗರು, ದುಡ್ಡು ಇವತ್ತಿಗೂ ಇಲ್ಲ.

ತಾರೀಖು ಅವರೇ ಕೊಟ್ಟಿದ್ದು. ಅಮಾವಾಸ್ಯೆ ಮರುದಿನ. ಬುಕ್ ಮಾಡುವಾಗಲೇ ಕೇಳಿದ್ವಿ, ಅಮಾಸಿ ಪಕ್ಕದ ದಿನ ನೀರಿನ ಸೆಳವು ಜಾಸ್ತಿ ಇರ್ತದಲ್ಲ, ಬೇರೆ ದಿನ ಇಲ್ವಾ ಅಂತ. ಏಜೆಂಟ್ ನಕ್ಕುಬಿಟ್ಟ. "ಅಣ್ಣಾ, ನೀವು ಓದಿದವರು ಹಿಂಗ ಅಂದ್ರ ಹೆಂಗ್ರೀ? ಅಮಾಸಿ ಗಿಮಾಸಿ ಮೂಢನಂಬಿಕಿ ಬಿಡ್ರಿ, ಸಮುದ್ರಕ್ಕ ಏನ್ ಗೊತ್ತು?" ಅಂದ. ಸ್ಕೂಬಾ ಮಾರೋ ಮನುಷ್ಯ ಈ ಮಾತು ಹೇಳ್ತಾನೆ!

ಸಮುದ್ರಕ್ಕೇ ರೀ ಗೊತ್ತಿರೋದು. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಗೆರೆಗೆ ಬಂದು ಎಳೀತಾರೆ, ಉಬ್ಬರ ಇಳಿತದ ಅಂತರ ದೊಡ್ಡದಾಗ್ತದೆ. ಅಷ್ಟೂ ನೀರು ಅದೇ ಆರು ಗಂಟೆ ಚಿಲ್ಲರೆಯಲ್ಲಿ ಹಾಯಬೇಕು ಅಂದ್ರೆ ಸೆಳವು ಹೆಚ್ಚಲೇಬೇಕು. ಆ ಜೋರು ತಿಥಿ ಕಳೆದ ಮೇಲೂ ಒಂದೆರಡು ದಿನ ಇರ್ತದೆ. ಅಷ್ಟಮಿ ಆಸುಪಾಸು ಕಡಿಮೆ. ದಿನದಲ್ಲೂ ಉಬ್ಬರ ಮುಗಿದು ಇಳಿತ ಶುರುವಾಗೋ ನಡುವೆ ನೀರು ಸ್ವಲ್ಪ ಹೊತ್ತು ನಿಂತ ಹಾಗಿರ್ತದೆ, ಸರಿಯಾದ ಡೈವ್ ಸೆಂಟರ್‌ನವರು ಆ ಹೊತ್ತು ನೋಡಿಯೇ ಇಳಿಸ್ತಾರೆ. ಇವರು ನೋಡಿದ್ದು ಟಿಟಿ ವಾಪಸ್ ಹೊರಡೋ ಟೈಮು.

ದ್ವೀಪ ಅಂದ್ರೆ ಹೊಳೆ ಅಲ್ಲ. ತುಂಗಭದ್ರೆಯಲ್ಲಿ ಸೆಳವು ಎಷ್ಟೇ ಇದ್ರೂ ನೀರು ಎತ್ತ ಹೋಗ್ತದೆ ಅಂತ ದಂಡೆಯಲ್ಲಿ ನಿಂತವರಿಗೂ ಗೊತ್ತು. ದ್ವೀಪಕ್ಕೆ ಬಂದು ಬಡಿದ ನೀರು ಎರಡಾಗಿ ಸೀಳಿ, ಎರಡೂ ತುದಿಗಳಲ್ಲಿ ರಭಸ ಹೆಚ್ಚಿ, ಹಿಂದೆ ಸುಳಿ ಕಟ್ತದೆ. ಬಂಡೆ ಗೋಡೆ ಇದ್ದಲ್ಲಿ ಕೆಳಮುಖವಾಗಿಯೂ ಎಳೀತದೆ. ನಿಮ್ಮ ಉಸಿರಿನ ಗುಳ್ಳೆ ಮೇಲೆ ಹೋಗೋ ಬದಲು ಅಡ್ಡಕ್ಕೋ ಕೆಳಕ್ಕೋ ಹೋಗ್ತಿದ್ರೆ ಅದೇ ಗುರುತು. ಆಗ ನೇರ ಮೇಲಕ್ಕೆ ಒದ್ದಾಡಬಾರದು, ಗೋಡೆ ಬಿಟ್ಟು ಅಡ್ಡಕ್ಕೆ ಈಜಿ ಹೊರಗೆ ಬರಬೇಕು. ಬಿಸಿಡಿಗೆ (ತೇಲೋಕೆ ಅಂತ ಹಾಕೋ ಗಾಳಿ ಜಾಕೆಟ್) ಗಾಳಿ ತುಂಬಿದ್ರೆ ಸೆಳವು ಬಿಟ್ಟ ಕೂಡಲೇ ಖಾಲಿ ಮಾಡಬೇಕು, ಇಲ್ಲಾಂದ್ರೆ ಬಾಣದ ಹಾಗೆ ಮೇಲೇರಿ ಶ್ವಾಸಕೋಶಕ್ಕೆ ಪೆಟ್ಟು. ಇದರಲ್ಲಿ ಒಂದಕ್ಷರವೂ ಬ್ರೀಫಿಂಗ್‌ನಲ್ಲಿ ಬರಲಿಲ್ಲ. ಬ್ರೀಫಿಂಗ್ ಅಂದ್ರೆ ಓಕೆ ಸಿಗ್ನಲ್, ವಿಡಿಯೋಗೆ ಕೈ ಬೀಸೋದು, ಮುಗೀತು.

ಬೋಟ್ ಲಂಗರು ಹಾಕಿದ ಮೇಲೆ ತಿಂಡಿ ಪೊಟ್ಟಣದಲ್ಲಿ ಉಳಿದಿದ್ದ ಒಂದು ಹಿಡಿ ಮಂಡಾಳು ಮೂತಿ ಕಡೆಯಿಂದ ನೀರಿಗೆ ಎಸೆದು ಎಣಿಸಿದ್ವಿ. ಹತ್ತು ಮೀಟರ್ ಬೋಟು, ಹದಿನೈದು ಸೆಕೆಂಡಿಗೆ ಮಂಡಾಳು ಹಿಂದಿನ ತುದಿ ದಾಟಿತ್ತು. ಇಪ್ಪತ್ತು ಸೆಕೆಂಡ್ ಅಂದ್ರೇ ಹತ್ತಿರ ಹತ್ತಿರ ಒಂದು ನಾಟ್ (ಸಮುದ್ರದಲ್ಲಿ ವೇಗದ ಅಳತೆ), ನಿಮಿಷಕ್ಕೆ 30 ಮೀಟರ್. ಸಿಲಿಂಡರ್ ಹೊತ್ತ ಡೈವರ್ ಅದರ ಎದುರು ಕೆಲವೇ ನಿಮಿಷ ಈಜಬಹುದು, ಅದೂ ಅಭ್ಯಾಸ ಇದ್ದವರು. ಇದು ಅದಕ್ಕಿಂತ ಜಾಸ್ತಿ. ಬೋಟಿನವರಿಗೆ ತೋರಿಸಿದ್ರೆ, "ಸಮುದ್ರ ಅಂದ್ಮೇಲೆ ನೀರು ಎಳೆಯೂದೇ ಅಲ್ವಾ, ಎಂತದೂ ಆಗೂದಿಲ್ಲ, ಹಗ್ಗ ಹಿಡ್ಕೊಂಡು ಇಳೀರಿ." ಮರೆಯ ಬದಿಗೆ ಬೋಟ್ ತಿರುಗಿಸಿ ಅಂದ್ರೆ, "ಡೀಸೆಲ್ ಯಾರು ಕೊಡ್ತಾರೆ?"

ಸರಿ, ಸಾಮಾನು ನೋಡೋಣ ಅಂದ್ರೆ ಅದಿನ್ನೊಂದು. ಸಿಲಿಂಡರ್‌ನ ಗಾಳಿ ಒತ್ತಡ ತೋರಿಸೋ ಗೇಜ್ ಮುಳ್ಳು 140 ಬಾರ್ (ಒತ್ತಡದ ಅಳತೆ). ತುಂಬಿದ ಸಿಲಿಂಡರ್ ಸುಮಾರು 200 ಬಾರ್ ಇರಬೇಕು. ಬಾಯಲ್ಲಿ ಕಚ್ಚಿ ಉಸಿರಾಡೋ ರೆಗ್ಯುಲೇಟರ್‌ನಲ್ಲಿ ಉಸಿರೆಳೆದಾಗೆಲ್ಲ ಆ ಮುಳ್ಳು ಕುಸಿದು, ಬಿಟ್ಟಾಗ ಮತ್ತೆ ಏಳ್ತಿತ್ತು. ಅಂದ್ರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ. ಬೋಟ್ ಮೇಲೆ ಆರಾಮಾಗಿ ಉಸಿರು ಬರ್ತದೆ, ಹತ್ತು ಮೀಟರ್ ಕೆಳಗೆ ಗಾಳಿ ಸಾಲದೆ ಗಂಟಲು ಹಿಡೀತದೆ. ನಿಮ್ಮ ಗೇಜ್ ನೀವೇ ಹಿಡಿದು ನಾಲ್ಕು ಸಲ ಉಸಿರೆಳೆದು ನೋಡಿ, ಮುಳ್ಳು ಅಲುಗಬಾರದು.

140 ಸಾಕಾಗ್ತದಾ? "ಧಾರಾಳ" ಅಂದ್ರು. ಲೆಕ್ಕ ಹಾಕಿ. 12 ಲೀಟರ್ ಸಿಲಿಂಡರ್, 50 ಬಾರ್ ಮೀಸಲು ಬಿಟ್ರೆ ಉಳಿಯೋದು 90 ಬಾರ್, 1080 ಲೀಟರ್ ಗಾಳಿ. ಹೊಸಬರು ದಡದಲ್ಲಿ ನಿಮಿಷಕ್ಕೆ 20ರಿಂದ 25 ಲೀಟರ್ ಎಳೆದ್ರೆ ಹತ್ತು ಮೀಟರ್ ಆಳದಲ್ಲಿ ಅದರ ಎರಡರಷ್ಟು. ಸೆಳವಿನ ಎದುರು ಕಾಲು ಬಡಿದು ದಮ್ಮು ಹತ್ತಿದ್ರೆ ಅದೂ ಡಬಲ್. ಹತ್ತು ಹನ್ನೆರಡು ನಿಮಿಷಕ್ಕೆ ಮೀಸಲಿಗೆ ಕೈ ಹಾಕಿದ ಹಾಗೆ. (ಅದು ಆಕ್ಸಿಜನ್ ಸಿಲಿಂಡರೂ ಅಲ್ಲ, ಬರೀ ಒತ್ತಿ ತುಂಬಿದ ಗಾಳಿ. ನಿಜವಾದ ಆಕ್ಸಿಜನ್ ಬೋಟಲ್ಲಿ ತುರ್ತಿಗೆ ಅಂತ ಒಂದು ಇರಬೇಕು. ಕೇಳಿದ್ವಿ. "ಇದೇ ಆಕ್ಸಿಜನ್ ಅಲ್ವಾ" ಅಂದ್ರು!)

ಹೆಲ್ತ್ ಫಾರಂ ಕೊಟ್ಟಿದ್ದು ಬೋಟ್ ಹೊರಟ ಮೇಲೆ. ಆಸ್ತಮಾ, ಬಿಪಿ, ಕಿವಿ ತೊಂದರೆ ಕಾಲಂ ನೋಡ್ತಿದ್ರೆ, "ಎಲ್ಲದಕ್ಕೂ ಇಲ್ಲ ಅಂತ ಹಾಕಿ, ಲೇಟಾಗ್ತದೆ."

ನಾವು ಇಳಿಯಲ್ಲ ಅಂದ್ವಿ. ಮೊದಲ ಬ್ಯಾಚ್ ಆಗಲೇ ಇಳಿದಿತ್ತು. ಅವರಲ್ಲಿ ಇಬ್ಬರ ಕೈ ಹಗ್ಗದಿಂದ ಜಾರಿ, ಮೇಲೆ ಬಂದಾಗ ಬೋಟಿನಿಂದ ಎಷ್ಟೋ ದೂರ. ಅಲೆಗಳ ನಡುವೆ ತಲೆ ಮಾತ್ರ, ಅದೂ ಕಂಡು ಮಾಯ. ಮೇಲೆತ್ತಿ ತೋರಿಸೋ ಕಿತ್ತಳೆ ಬಣ್ಣದ ಮಾರ್ಕರ್ ಬಲೂನ್ ಇಲ್ಲ, ಸೀಟಿ ಇಲ್ಲ, ಬೋಟಿನ ಹಿಂದೆ ತೇಲಿಬಿಡೋ ಹಗ್ಗ ಇಲ್ಲ. ಬೋಟ್ ಹೋಗಿ ಎತ್ತಿಕೊಳ್ಳಬೇಕು ಅಂದ್ರೆ ಲಂಗರು ಬಿದ್ದಿದೆ, ಉಳಿದವರು ಅದೇ ಲಂಗರಿನ ಹಗ್ಗಕ್ಕೆ ಜೋತುಬಿದ್ದಿದ್ದಾರೆ. ಆ ಕಡೆ ಹೋಗ್ತಿದ್ದ ಬೇರೆ ಬೋಟಿನವರು ಇಬ್ಬರನ್ನೂ ಎತ್ತಿ ತಂದುಕೊಟ್ರು. ಅವರು ಇರದಿದ್ರೆ? ಸೆಳವಿರೋ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ಗುಳ್ಳೆ ಹಿಂದೆ ಹೋಗೋ ಇನ್ನೊಂದು ಬೋಟು ಇರಲೇಬೇಕು, ಇಲ್ಲಾಂದ್ರೆ ಇಳಿಸಲೇಬಾರದು.

ಇಷ್ಟಾದ್ಮೇಲೆ ರಿಫಂಡ್ ಕೇಳಿದ್ರೆ ಏಜೆಂಟ್: "ನೀವಾ ಇಳೀಲಿಲ್ಲ, ನಾವೇನ್ ಮಾಡಾದು? ಸ್ಲಾಟ್ ಹೋತು." ಸೆಳವಿದ್ರೆ ಕ್ಯಾನ್ಸಲ್ ಅಂತ ಅವನೇ ಕಳಿಸಿದ್ದ ವಾಯ್ಸ್ ಮೆಸೇಜು ವಾಪಸ್ ಕಳಿಸಿದ್ವಿ. ನೀಲಿ ಟಿಕ್ ಬಿತ್ತು, ಆಮೇಲೆ, "ಅದು ಬೋಟಿನವರ ಡಿಸಿಜನ್ ಅಣ್ಣಾ." ಬೋಟಿನವರಿಗೆ ಫೋನ್ ಮಾಡಿದ್ರೆ, "ದುಡ್ಡು ಏಜೆಂಟ್ ಹತ್ರ ಕೇಳಿ." ಹಿಂಗೇ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ನಾವು ನಂಬಿಸಿ ಕರ್ಕೊಂಡು ಹೋದ ಮಂದಿ ಮುಂದೆ ನಾವು ತಲೆ ಎತ್ತೋದು ಹೆಂಗೆ?

ಸಂಜೆ ವಾಪಸ್ ಅನ್ನೋದೂ ತಪ್ಪೇ. ಅಂಕೋಲಾದಿಂದ ಅರಬೈಲ್ ಘಾಟ್ ಹತ್ತಿ ಹುಬ್ಬಳ್ಳಿ ಮುಟ್ಟಿದ್ರೆ ಸಮುದ್ರಮಟ್ಟದಿಂದ 600 ಮೀಟರ್‌ಗೂ ಮೇಲೆ. ನೀರಿನ ಒತ್ತಡದಲ್ಲಿ ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಗೆ ಹೋಗೋಕೆ ಹೊತ್ತು ಬೇಕು, ಅದಕ್ಕೂ ಮುಂಚೆ ಎತ್ತರಕ್ಕೆ ಹೋದ್ರೆ ಮೈಯೊಳಗೆ ಗುಳ್ಳೆ ಕಟ್ಟಬಹುದು. ಡೈವ್ ಆದ್ಮೇಲೆ ವಿಮಾನ ಹತ್ತೋಕೆ ಹೇಳೋ ಲೆಕ್ಕ ಒಂದು ಡೈವ್ ಆದ್ರೆ ಕನಿಷ್ಠ 12 ಗಂಟೆ, ಎರಡಾದ್ರೆ 18. ಘಾಟಿಗೂ ಅದನ್ನೇ ಹಿಡೀರಿ, ರಾತ್ರಿ ಮುರ್ಡೇಶ್ವರದಲ್ಲೇ ಉಳೀರಿ.

ಅಡ್ವಾನ್ಸ್ ಹಾಕೋ ಮುಂಚೆ ನೇರ ಡೈವ್ ಸೆಂಟರ್‌ಗೇ ಫೋನ್ ಮಾಡಿ. ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ, ಎರಡನೇ ಬೋಟ್ ಇದೆಯಾ, ಕ್ಯಾನ್ಸಲ್ ಯಾರು ಮಾಡ್ತಾರೆ, ಉತ್ತರ ಬರಹದಲ್ಲಿ ಕೇಳಿ. ವಾಯ್ಸ್ ಮೆಸೇಜ್ ನಂಬಬೇಡಿ.

ಅದೇ ಏಜೆಂಟ್ ನಿನ್ನೆ ಸ್ಟೇಟಸ್‌ನಲ್ಲಿ ಮುಂದಿನ ಬ್ಯಾಚ್ ಹಾಕಿದ್ದಾನೆ, ಸೀಟು ಕೆಲವೇ ಉಳಿದಿವೆಯಂತೆ. ಹೊರಡೋದು ಹುಣ್ಣಿಮೆ ರಾತ್ರಿ.