ಮಾಧ್ಯಮ ಅಧ್ಯಯನದ ಪಾಠಕ್ಕೆ ಯಾವ ಸಾಮಗ್ರಿ? ಮುಂಬಯಿಯ ತರಗತಿಯೊಂದರಲ್ಲಿ ಬಳಸಿ ನೋಡಿದ ಹೋಲಿಕೆ

ಹನ್ನೊಂದು, ಹನ್ನೆರಡನೆಯ ತರಗತಿಯವರಿಗೆ ಮಾಧ್ಯಮ ಅಧ್ಯಯನ ಕಲಿಸುವವರಿಗೆ ಈಗ ಸಾಮಗ್ರಿಯ ಕೊರತೆಯಿಲ್ಲ. ಉಚಿತವಾಗಿ ಸಿಗುವುದನ್ನೇ ಓದಿ ಮುಗಿಸಲು ವರ್ಷ ಸಾಲದು. ಆದರೆ ಯಾವುದನ್ನು ತರಗತಿಗೆ ತರಬೇಕು, ಯಾವುದನ್ನು ಪರೀಕ್ಷೆಯ ಹಿಂದಿನ ತಿಂಗಳುಗಳಿಗೆ ಕಾದಿರಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದು ಮಕ್ಕಳ ಮುಂದೆ ಇಟ್ಟು ನೋಡಿದ ಮೇಲಷ್ಟೇ ತಿಳಿಯುತ್ತದೆ. ಠಾಣೆ ಕಡೆಯ ಕನ್ನಡ ಸಂಘವೊಂದರಲ್ಲಿ ನಾನು ನಡೆಸುವ ಭಾನುವಾರದ ತರಗತಿಯಲ್ಲಿ ಬಳಸಿದ ಸಾಮಗ್ರಿಗಳನ್ನು ಇಲ್ಲಿ ಎದುರುಬದುರಾಗಿ ಇಟ್ಟಿದ್ದೇನೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ರೈಲಿನಲ್ಲಿ ಹಿಂದಿ ಮರಾಠಿ ಕೇಳುತ್ತಾರೆ, ಪರೀಕ್ಷೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯುತ್ತಾರೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ತರಗತಿಯಲ್ಲಿ ಎರಡು ಗುಂಪುಗಳಿವೆ. ಹೆಚ್ಚಿನವರು ಸಿಬಿಎಸ್‌ಇಯ ಕೌಶಲ ವಿಷಯಗಳಲ್ಲಿ ಒಂದಾದ, 835 ಸಂಕೇತಸಂಖ್ಯೆಯ ಮಾಸ್ ಮೀಡಿಯಾ ಸ್ಟಡೀಸ್ ಆಯ್ದುಕೊಂಡವರು. ಅದರಲ್ಲಿ 60 ಅಂಕಗಳಿಗೆ ಲಿಖಿತ ಪರೀಕ್ಷೆ, 40 ಅಂಕಗಳಿಗೆ ಪ್ರಾಯೋಗಿಕ ಕೆಲಸ. ಆ 60ರಲ್ಲಿಯೂ 10 ಅಂಕ ಎಲ್ಲ ಕೌಶಲ ವಿಷಯಗಳಿಗೆ ಸಾಮಾನ್ಯವಾದ ಉದ್ಯೋಗ ಕೌಶಲದ ಭಾಗಕ್ಕೆ ಹೋಗುತ್ತದೆ. ಉಳಿದ ಕೆಲವರು ಕೇಂಬ್ರಿಜ್ ಇಂಟರ್‌ನ್ಯಾಷನಲ್‌ನ 9607 ಪಠ್ಯಕ್ರಮದವರು. ಅವರಿಗೆ ಎಎಸ್ ಹಂತದಲ್ಲಿ, ಅಂದರೆ ಎ ಲೆವೆಲ್ ಓದಿನ ಮೊದಲರ್ಧದಲ್ಲಿ, ಅರ್ಧದಷ್ಟು ಅಂಕ ತಾವೇ ತಯಾರಿಸಿದ ಮಾಧ್ಯಮ ಕೃತಿಗೆ ದೊರೆಯುತ್ತದೆ, ಇನ್ನರ್ಧ ಲಿಖಿತ ಪರೀಕ್ಷೆಗೆ. ಆ ಪರೀಕ್ಷೆಯಲ್ಲಿ ಮೊದಲು ನೋಡಿರದ ದೃಶ್ಯದ ತುಣುಕೊಂದನ್ನು ವಿಶ್ಲೇಷಿಸಬೇಕು. ಒಂದೇ ಕ್ಯಾಮೆರಾ ಕೋನದ ಪಾಠವನ್ನು ಒಂದು ಗುಂಪು ವಿವರಿಸಲು ಕಲಿಯಬೇಕಾದರೆ, ಇನ್ನೊಂದು ಗುಂಪು ಅದನ್ನು ಕಣ್ಣೆದುರಿನ ದೃಶ್ಯಕ್ಕೆ ಹಚ್ಚಿ ನೋಡಲು ಕಲಿಯಬೇಕು. ಯಾವ ಸಾಮಗ್ರಿ ಒಳ್ಳೆಯದು ಎಂಬ ಪ್ರಶ್ನೆಗೆ ಎರಡು ಉತ್ತರಗಳು ಬರುವುದು ಇಲ್ಲಿಂದಲೇ.

ಪಠ್ಯದ ಅಡಿಪಾಯಕ್ಕೆ ನಾನು ಮೊದಲು ತೆಗೆದುಕೊಂಡದ್ದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನ 335 ಸಂಖ್ಯೆಯ ಸಮೂಹ ಸಂವಹನ ಪಾಠಗಳನ್ನು. ಮುದ್ರಣ, ರೇಡಿಯೊ, ದೂರದರ್ಶನ, ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕ, ನವಮಾಧ್ಯಮ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ, ಸರಳ ವಾಕ್ಯಗಳಲ್ಲಿ ಕಟ್ಟಿಕೊಟ್ಟಿದ್ದಾರೆ. ಪಾಠಗಳು ಉಚಿತ, ಮಕ್ಕಳು ತಾವಾಗಿಯೇ ಓದಿಕೊಳ್ಳಬಲ್ಲರು. ಇದಕ್ಕೆ ಎದುರಾಗಿ ಇಟ್ಟದ್ದು ಎನ್‌ಸಿಇಆರ್‌ಟಿ ಹಿಂದಿ ವಿಷಯಕ್ಕಾಗಿ ಪ್ರಕಟಿಸಿರುವ ‘ಅಭಿವ್ಯಕ್ತಿ ಔರ್ ಮಾಧ್ಯಮ್’ ಎಂಬ ಪುಸ್ತಕ. ಮಾಧ್ಯಮ ಅಧ್ಯಯನದ ಪಟ್ಟಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ, ಹಿಂದಿ ಮೇಷ್ಟ್ರ ಮೇಜಿನಲ್ಲೇ ಉಳಿದುಬಿಡುತ್ತದೆ. ಆದರೆ ಮುಖ್ಯವಾದದ್ದನ್ನು ಮೊದಲು ಹೇಳುವ, ಸುದ್ದಿ ಬರವಣಿಗೆಯ ತಲೆಕೆಳಗಾದ ಪಿರಮಿಡ್ಡನ್ನೂ, ಏನು, ಯಾರು, ಎಲ್ಲಿ, ಯಾವಾಗ, ಹೇಗೆ, ಏಕೆ ಎಂಬ ಆರು ಪ್ರಶ್ನೆಗಳನ್ನೂ ಬರೆಯುವವನ ಕಡೆಯಿಂದ ಕಲಿಸುವುದರಲ್ಲಿ ನನಗೆ ಇದೇ ಮುಂದು ಎನಿಸಿತು. ಎನ್‌ಐಒಎಸ್ ಮಾಧ್ಯಮ ಎಂದರೇನು ಎಂದು ಹೇಳಿಕೊಡುತ್ತದೆ, ಹಿಂದಿ ಪುಸ್ತಕ ಪೆನ್ನು ಹಿಡಿಸುತ್ತದೆ. ಪ್ರಾಯೋಗಿಕ ಅಂಕಗಳಿಗೆ ಎರಡನೆಯದು, ಲಿಖಿತ ಪರೀಕ್ಷೆಯ ಚಿಕ್ಕ ಉತ್ತರಗಳಿಗೆ ಮೊದಲನೆಯದು ಎಂದು ನಾನು ಹಂಚಿಕೊಂಡಿದ್ದೇನೆ. ಕನ್ನಡದಲ್ಲಿ ಕರ್ನಾಟಕ ಮಾಧ್ಯಮ ಅಕಾಡೆಮಿ ತಂದಿರುವ ಪತ್ರಿಕೋದ್ಯಮದ ಪುಸ್ತಕಗಳು ಶಿಕ್ಷಕರ ಓದಿಗೆ ಬಹಳ ಉಪಯುಕ್ತ. ಹದಿನೇಳರ ಮಕ್ಕಳ ಕೈಗೆ ಕೊಡುವಂಥವಲ್ಲ.

ಸಿದ್ಧಾಂತಗಳ ಮಾತಿಗೆ ಬಂದರೆ ಬ್ರಿಟನ್ನಿನ ಎ ಲೆವೆಲ್, ಅಂದರೆ ನಮ್ಮ ಹನ್ನೆರಡನೆಯ ತರಗತಿಯ ಮಟ್ಟದ ಸಾಮಗ್ರಿಯನ್ನು ಮೀರಿಸುವುದು ಕಷ್ಟ. ಅಲ್ಲಿಯವರು ಮಾಧ್ಯಮ ಭಾಷೆ, ಚಿತ್ರಣ, ಉದ್ಯಮ, ಪ್ರೇಕ್ಷಕರು ಎಂಬ ನಾಲ್ಕು ಕಂಬಗಳ ಮೇಲೆ ಇಡೀ ವಿಷಯವನ್ನು ನಿಲ್ಲಿಸುತ್ತಾರೆ. ಬಾರ್ತ್, ತೊದೊರೊವ್, ಸ್ಟುವರ್ಟ್ ಹಾಲ್, ವಾನ್ ಜೂನೆನ್, ಗರ್ಬ್ನರ್ ಮುಂತಾದ ಸಿದ್ಧಾಂತಿಗಳ ಹೆಸರುಗಳು ಅಲ್ಲಿನ ಪಠ್ಯಕ್ರಮದಲ್ಲಿ ಕಡ್ಡಾಯವಾಗಿ ಬರುವುದರಿಂದ, ಒಬ್ಬೊಬ್ಬರ ಮೇಲೂ ವಿದ್ಯಾರ್ಥಿಗಳಿಗೆಂದೇ ಬರೆದ ಟಿಪ್ಪಣಿಗಳು ಧಾರಾಳವಾಗಿವೆ. ಲಂಡನ್ನಿನ ಇಂಗ್ಲಿಷ್ ಅಂಡ್ ಮೀಡಿಯಾ ಸೆಂಟರ್ ಹೊರತರುವ ‘ಮೀಡಿಯಾ ಮ್ಯಾಗಝೀನ್’ ಇವುಗಳಲ್ಲಿ ನಾನು ಕಂಡ ಅತ್ಯುತ್ತಮ ಬರವಣಿಗೆ; ಮಕ್ಕಳನ್ನು ಮಕ್ಕಳೆಂದು ಕಡೆಗಣಿಸದೆ ಬರೆಯುತ್ತಾರೆ. ಕೇಂಬ್ರಿಜ್ ಗುಂಪಿನವರು ಇದನ್ನು ಕೈಬಿಡಬಾರದು. ಸಿಬಿಎಸ್‌ಇ ಗುಂಪಿಗೆ ಅದು ಪರೀಕ್ಷೆಗೆ ಬೇಕಾದದ್ದಕ್ಕಿಂತ ಆಳ, ಮತ್ತು ಉದಾಹರಣೆಗಳೆಲ್ಲ ಅವರು ಕಂಡಿರದ ಧಾರಾವಾಹಿಗಳು, ಅವರು ಓದಿರದ ಪತ್ರಿಕೆಗಳು. ಸಿದ್ಧಾಂತವನ್ನು ಅಲ್ಲಿಂದ ತೆಗೆದುಕೊಂಡು ಉದಾಹರಣೆಯನ್ನು ಇಲ್ಲಿಂದ ಕೊಟ್ಟಾಗ ಮಾತ್ರ ಎರಡೂ ಗುಂಪುಗಳ ಮುಖ ಅರಳಿತು. ಕತೆಯೊಂದು ಸಮಸ್ಥಿತಿಯಿಂದ ಹೊರಟು, ಭಂಗಗೊಂಡು, ಸರಿಪಡಿಸುವ ಯತ್ನವನ್ನು ದಾಟಿ ಹೊಸ ಸಮಸ್ಥಿತಿಗೆ ಬರುತ್ತದೆ ಎಂಬ ತೊದೊರೊವ್‌ನ ಮಾತಿಗೆ ಬ್ರಿಟಿಷ್ ಟಿಪ್ಪಣಿಯ ಉದಾಹರಣೆಯನ್ನು ಓದಿಸಿದಾಗ ಮಕ್ಕಳು ಸುಮ್ಮನೆ ಬರೆದುಕೊಂಡರು. ಮಳೆಗಾಲದಲ್ಲಿ ಊರಿನಿಂದ ಮೇಳಗಳು ಬಂದು ಮುಂಬಯಿಯ ಸಭಾಗೃಹಗಳಲ್ಲಿ ಆಡುವ ಯಕ್ಷಗಾನ ಪ್ರಸಂಗಗಳನ್ನು ನೆನಪಿಸಿದಾಗ, ಒಡ್ಡೋಲಗದಿಂದ ಯುದ್ಧದವರೆಗೆ, ಅಲ್ಲಿಂದ ಮಂಗಳದವರೆಗೆ ತಾವೇ ಗುರುತು ಹಾಕಿದರು.

ಇನ್ನು ನಾನು ಎಲ್ಲಕ್ಕಿಂತ ಮೇಲೆ ಇಡುವ ಸಾಮಗ್ರಿ ಅಂದಂದಿನ ದಿನಪತ್ರಿಕೆಗಳು. ಒಂದೇ ದಿನದ ನಾಲ್ಕು ಭಾಷೆಗಳ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವ ಅನುಕೂಲ ಮುಂಬಯಿಯಲ್ಲಿರುವಷ್ಟು ಬೇರೆ ಊರುಗಳಲ್ಲಿ ಇಲ್ಲ. ಕನ್ನಡಕ್ಕೆ ಇಲ್ಲಿಂದಲೇ ಹೊರಡುವ ಕರ್ನಾಟಕ ಮಲ್ಲ ಮತ್ತು ಉದಯವಾಣಿಯ ಮುಂಬಯಿ ಆವೃತ್ತಿ, ಜೊತೆಗೆ ಮರಾಠಿಯದೊಂದು, ಇಂಗ್ಲಿಷಿನದೊಂದು, ಗುಜರಾತಿಗೆ 1822ರಿಂದ ನಡೆದುಬಂದಿರುವ ಮುಂಬೈ ಸಮಾಚಾರ್. ಗುಜರಾತಿ ಓದಲು ಬಾರದಿದ್ದರೂ ಚಿಂತೆಯಿಲ್ಲ. ಪುಟವಿನ್ಯಾಸ, ಚಿತ್ರದ ಗಾತ್ರ, ಷೇರುಪೇಟೆಗೆ ಕೊಟ್ಟ ಜಾಗ ಇವನ್ನು ನೋಡಲು ಲಿಪಿ ಬೇಕಿಲ್ಲ. ವಾಸ್ತವವಾಗಿ ಲಿಪಿ ಗೊತ್ತಿಲ್ಲದ ಪುಟದಲ್ಲಿಯೇ ಮಕ್ಕಳ ಕಣ್ಣು ವಿನ್ಯಾಸದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಭಾರಿ ಮಳೆಯಿಂದ ಲೋಕಲ್ ರೈಲುಗಳು ನಿಂತುಹೋದ ಮರುದಿನದ ಪತ್ರಿಕೆಗಳು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಇಂಗ್ಲಿಷ್ ಪತ್ರಿಕೆಯ ತಲೆಬರಹ ಮಹಾನಗರ ಪಾಲಿಕೆಯ ಹೊಣೆಗಾರಿಕೆಯ ಸುತ್ತ ಇತ್ತು, ಮರಾಠಿಯದು ಹಳಿಯ ಮೇಲೆ ನಡೆದು ಮನೆ ಸೇರಿದ ಉಪನಗರದ ಜನರ ಚಿತ್ರದಿಂದ ಆರಂಭವಾಗಿತ್ತು. ಕನ್ನಡ ಪತ್ರಿಕೆಯಲ್ಲಿ ಮುಂಬಯಿಯ ಮಳೆಯ ಪಕ್ಕದಲ್ಲೇ ಕರಾವಳಿಯ ಮಳೆಯೂ, ಕೊಂಕಣ ರೈಲ್ವೆಯಲ್ಲಿ ತಡವಾದ ಗಾಡಿಗಳ ಸುದ್ದಿಯೂ ಮುಖಪುಟದಲ್ಲಿದ್ದವು. “ಟೀಚರ್, ಇವರಿಗೆ ಮಳೆ ಎರಡು ಊರಿನದು” ಎಂದಳು ಒಬ್ಬ ಹುಡುಗಿ. ಓದುಗವರ್ಗವನ್ನು ಗಮನದಲ್ಲಿಟ್ಟು ಸುದ್ದಿಯ ಆಯ್ಕೆ ನಡೆಯುತ್ತದೆ ಎಂಬ ಪಾಠಕ್ಕೆ ಆ ಒಂದು ವಾಕ್ಯ ಸಾಕಾಯಿತು. ಬಳಿಕ ಒಳಪುಟಗಳಿಗೆ ಹೋದರೆ ಉದ್ಯಮದ ಪಾಠ ಸಿದ್ಧವಾಗಿರುತ್ತದೆ. ಸಂಘಸಂಸ್ಥೆಗಳ ಸಭೆ, ಪೂಜೆ, ಸನ್ಮಾನಗಳ ವರದಿಗಳು, ಹೋಟೆಲ್ ಉದ್ಯಮಿಗಳ ಶುಭಾಶಯಗಳು, ಸಹಕಾರಿ ಬ್ಯಾಂಕಿನ ಜಾಹೀರಾತು, ಶ್ರದ್ಧಾಂಜಲಿಯ ಚಿತ್ರಗಳು, ಇವುಗಳಲ್ಲಿ ಯಾವುದು ಸುದ್ದಿ, ಯಾವುದಕ್ಕೆ ಹಣ ಸಂದಿದೆ, ಯಾವುದು ಎರಡರ ನಡುವೆ ನಿಂತಿದೆ ಎಂದು ಮಕ್ಕಳು ಮೂರು ಬಣ್ಣಗಳಲ್ಲಿ ಗುರುತು ಮಾಡುತ್ತಾರೆ. ಸಮುದಾಯದ ಪತ್ರಿಕೆಯೊಂದು ಹೇಗೆ ಬದುಕುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಹತ್ತಿರದಿಂದ ತೋರಿಸಲಾರದು. ಇದರ ಕೊರತೆ ಒಂದೇ: ಶಿಕ್ಷಕರು ಪ್ರತಿಸಲ ಹೊಸದಾಗಿ ತಯಾರಾಗಬೇಕು, ಸಿದ್ಧ ಪ್ರಶ್ನೆಗಳು ಎಲ್ಲೂ ಸಿಗುವುದಿಲ್ಲ.

ಜಾಹೀರಾತಿನ ಪಾಠಕ್ಕೂ ಇದೇ ನಿಯಮ. ಪಠ್ಯದಲ್ಲಿರುವ ಮಾದರಿ ಜಾಹೀರಾತುಗಳ ಬದಲು, ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ ಪ್ರಕಟಿಸುವ ದೂರುಗಳ ತೀರ್ಮಾನಗಳನ್ನು ಬಳಸಿ ನೋಡಿದೆ. 1985ರಲ್ಲಿ ಜಾಹೀರಾತು ಉದ್ಯಮವೇ ಸ್ಥಾಪಿಸಿಕೊಂಡ ಈ ಸ್ವನಿಯಂತ್ರಣ ಸಂಸ್ಥೆಯ ಕೇಂದ್ರ ಇರುವುದು ಮುಂಬಯಿಯಲ್ಲೇ. ಯಾವ ಮಾತಿಗೆ ಆಧಾರ ಕೇಳಲಾಯಿತು, ಯಾವುದು ದಾರಿ ತಪ್ಪಿಸುವಂಥದ್ದು ಎಂದು ತೀರ್ಮಾನವಾಯಿತು ಎಂಬುದನ್ನು ಓದಿ, ಬಳಿಕ ತಮ್ಮ ಮೊಬೈಲಿನ ರೀಲ್‌ಗಳಲ್ಲಿ ಪ್ರಚಾರವೆಂಬ ಸೂಚನೆ ಇದೆಯೇ ಎಂದು ಹುಡುಕುವ ಕೆಲಸವನ್ನು ಕೊಟ್ಟೆ. ಜಾಲತಾಣಗಳ ಪ್ರಭಾವಿಗಳು, ಅಂದರೆ ಇನ್‌ಫ್ಲುಯೆನ್ಸರ್‌ಗಳು, ಹಣ ಪಡೆದ ಪ್ರಚಾರವನ್ನು ಹಾಗೆಂದು ತಿಳಿಸಬೇಕೆಂಬ ಮಾರ್ಗಸೂಚಿಯನ್ನು ಮಂಡಳಿ 2021ರಲ್ಲಿ ತಂದಿದೆ. ಪಠ್ಯದ ಮಾದರಿಗಿಂತ ಇದು ಎಲ್ಲ ರೀತಿಯಲ್ಲೂ ಮೇಲು.

ಅಚ್ಚಾದ ಗೈಡುಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈ ವಿಷಯದ ಕಾನೂನು ಭಾಗ ಇತ್ತೀಚೆಗೆ ಬಹಳ ಬದಲಾಗಿದೆ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಸ್ಥಾನಕ್ಕೆ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ ಬಂದು, 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಚಲನಚಿತ್ರ ಪ್ರಮಾಣೀಕರಣದಲ್ಲಿ ಹಿಂದೆ ಒಂದೇ ಆಗಿದ್ದ, ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ವರ್ಗ ಈಗ 7, 13, 16 ವರ್ಷ ಎಂದು ಮೂರಾಗಿ ಒಡೆದಿದೆ. ಸರ್ಕಾರಿ ಸಾಕ್ಷ್ಯಚಿತ್ರಗಳನ್ನು ತಯಾರಿಸುತ್ತಿದ್ದ ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿಯಲ್ಲಿ ವಿಲೀನವಾಗಿದೆ. ಹಿರಿಯ ವಿದ್ಯಾರ್ಥಿಗಳಿಂದ ಕೈಬದಲಾಗಿ ಬಂದ ಟಿಪ್ಪಣಿಗಳಲ್ಲಿ ಇವು ಯಾವುವೂ ಇರಲಾರವು. ಆದ್ದರಿಂದ ಗೈಡನ್ನು ಕೊಳ್ಳುವ ಮುನ್ನ ನಾನು ಬೆಲೆಗಿಂತ ಮೊದಲು ಈ ಮೂರನ್ನು ತೆರೆದು ನೋಡುತ್ತೇನೆ.

ವಿಡಿಯೊಗಳಲ್ಲಿ ‘ಕ್ರ್ಯಾಶ್ ಕೋರ್ಸ್’ ಎಂಬ ಯೂಟ್ಯೂಬ್ ಚಾನೆಲ್ 2018ರಲ್ಲಿ ತಂದ ಮಾಧ್ಯಮ ಸಾಕ್ಷರತೆಯ 12 ಕಂತುಗಳು ಚುರುಕಾಗಿವೆ, ಮನೆಯಲ್ಲಿ ನೋಡಿ ಬರಲು ತಕ್ಕವು. ಅಮೆರಿಕದ ಉದಾಹರಣೆಗಳು ಮತ್ತು ಮಾತಿನ ವೇಗ ಕೆಲವರಿಗೆ ತೊಡಕಾಯಿತು. ದೃಶ್ಯ ವಿಶ್ಲೇಷಣೆಗೆ ಪ್ರಸಾರ ಭಾರತಿ ಆರ್ಕೈವ್ಸ್‌ನ ಯೂಟ್ಯೂಬ್ ಚಾನೆಲ್ಲಿನಿಂದ ತುಣುಕುಗಳನ್ನು ಆರಿಸುವುದು ಹೆಚ್ಚು ಫಲ ಕೊಟ್ಟಿತು. ಹಳೆಯ ಕಾರ್ಯಕ್ರಮಗಳ ನಿಧಾನಗತಿಯ ಸಂಕಲನದಲ್ಲಿ ಪ್ರತಿಯೊಂದು ಕಟ್ ಎಣಿಕೆಗೆ ಸಿಗುತ್ತದೆ, ಮೊದಲು ಧ್ವನಿಯಿಲ್ಲದೆ, ಆಮೇಲೆ ಚಿತ್ರವಿಲ್ಲದೆ ಕೇಳಿಸಬಹುದು.

ಹೊರಗೆ ಕರೆದೊಯ್ಯುವುದಾದರೆ ಪೆಡ್ಡರ್ ರಸ್ತೆಯ ರಾಷ್ಟ್ರೀಯ ಭಾರತೀಯ ಸಿನಿಮಾ ಸಂಗ್ರಹಾಲಯ ಒಂದು ಆಯ್ಕೆ, ಕೋಟೆ ಪ್ರದೇಶದ ಕಾಲ್ನಡಿಗೆ ಇನ್ನೊಂದು. 2019ರ ಜನವರಿಯಲ್ಲಿ ಉದ್ಘಾಟನೆಗೊಂಡ ಸಂಗ್ರಹಾಲಯದಲ್ಲಿ ತಂತ್ರಜ್ಞಾನದ ಇತಿಹಾಸ ಕಣ್ಣಿಗೆ ಕಾಣುತ್ತದೆ, ಅರ್ಧ ದಿನ ಬೇಕು. ಕಾಲ್ನಡಿಗೆಯಲ್ಲಿ 1896ರ ಜುಲೈ 7ರಂದು ಲ್ಯುಮಿಯೇರ್ ಸೋದರರ ಚಲಚ್ಚಿತ್ರಗಳ ಪ್ರದರ್ಶನ ನಡೆದ ವಾಟ್ಸನ್ಸ್ ಹೋಟೆಲಿನ ಕಟ್ಟಡದಿಂದ ಹಾರ್ನಿಮನ್ ಸರ್ಕಲ್ಲಿನ ಮುಂಬೈ ಸಮಾಚಾರ್ ಕಚೇರಿಯವರೆಗೆ, ಮಳೆಯಿಲ್ಲದ ಬೆಳಗಿನಲ್ಲಿ ಖರ್ಚಿಲ್ಲದೆ ಹೋಗಿಬರಬಹುದು. ನನ್ನ ಮತ ಕಾಲ್ನಡಿಗೆಗೆ. ದಾರಿಯುದ್ದಕ್ಕೂ ಇಸವಿಗಳನ್ನು ಸ್ಥಳಕ್ಕೆ ಕಟ್ಟಿಹಾಕಿಕೊಂಡ ಮಕ್ಕಳು ಅವನ್ನು ಮರೆಯಲಿಲ್ಲ. 1832ರ ದರ್ಪಣ್ ಮರಾಠಿಯದು, 1843ರ ಮಂಗಳೂರ ಸಮಾಚಾರ ಕನ್ನಡದ್ದು ಎಂಬ ಕ್ರಮವೂ ಅಲ್ಲಿಯೇ ಕುಳಿತುಕೊಂಡಿತು.

ಪುನರಾವರ್ತನೆಗೆ ಬಂದಾಗ ಸ್ಪರ್ಧೆ ಮುಖ್ಯವಾಗಿ ಎರಡು ತಂತ್ರಾಂಶಗಳ ನಡುವೆ: ತರಗತಿಯಲ್ಲಿ ರಸಪ್ರಶ್ನೆ ಆಡಿಸುವ ಕಹೂಟ್ (Kahoot) ಮತ್ತು ಪ್ರಶ್ನೋತ್ತರದ ಚೀಟಿಗಳನ್ನು ತೋರಿಸುವ ಅಂಕಿ (Anki). ಕಹೂಟ್‌ನಲ್ಲಿ ಸಾಮಾನ್ಯವಾಗಿ ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ, ಹಾಗಾಗಿ ಗದ್ದಲ, ನಗು, ಉತ್ಸಾಹ ಎಲ್ಲ ಇರುತ್ತದೆ. ಪಾಠದ ಕೊನೆಯ ಹತ್ತು ನಿಮಿಷಕ್ಕೆ ಚೆನ್ನ. ಆದರೆ ಯೋಚಿಸಿ ಉತ್ತರಿಸುವ ಹುಡುಗ ಅಲ್ಲಿ ಯಾವಾಗಲೂ ಕೆಳಗೆ ಉಳಿಯುತ್ತಾನೆ, ಮತ್ತು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವುದಕ್ಕೂ ಖಾಲಿ ಹಾಳೆಯ ಮೇಲೆ ಗರ್ಬ್ನರ್ ಏನು ಹೇಳಿದ ಎಂದು ಬರೆಯುವುದಕ್ಕೂ ಬಹಳ ಅಂತರವಿದೆ. ಅಂಕಿ ನೋಡಲು ಒಣ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನಿಗೆ ಹಣ ಕೊಡಬೇಕು. ಮರೆಯುವ ಹೊತ್ತಿಗೆ ಸರಿಯಾಗಿ ಚೀಟಿಯನ್ನು ಮತ್ತೆ ಮುಂದೆ ತರುವುದು ಅದರ ಕೆಲಸ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಹತ್ತು ಚೀಟಿ ಮುಗಿಸಬಹುದು ಎಂಬುದು ನಮ್ಮವರಿಗೆ ಚಿಕ್ಕ ಅನುಕೂಲವಲ್ಲ. ಬೇರೆಯವರು ಮಾಡಿದ ಚೀಟಿಗಳ ಕಟ್ಟನ್ನು ಇಳಿಸಿಕೊಂಡವರಿಗೆ ಅಷ್ಟು ಪ್ರಯೋಜನವಾಗಲಿಲ್ಲ. ಮುಂದೆ ಸಿದ್ಧಾಂತದ ಹೆಸರು, ಹಿಂದೆ ತಾನೇ ಪತ್ರಿಕೆಯಲ್ಲೋ ರೀಲಿನಲ್ಲೋ ಕಂಡ ಉದಾಹರಣೆ ಎಂದು ಬರೆದುಕೊಂಡವರು ಉತ್ತರಪತ್ರಿಕೆಯಲ್ಲಿ ಉದಾಹರಣೆಗಾಗಿ ತಡಕಾಡಲಿಲ್ಲ.

ಎರಡನ್ನೂ ಮೀರಿದ್ದು ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸ, ಅದರಲ್ಲೂ ಅಂಕ ನೀಡುವ ಸೂಚಿಯ ಜೊತೆಗೆ. ಸಿಬಿಎಸ್‌ಇ ಪ್ರತಿವರ್ಷ ಮಾದರಿ ಪ್ರಶ್ನೆಪತ್ರಿಕೆಯನ್ನೂ ಅಂಕಸೂಚಿಯನ್ನೂ ತನ್ನ ಜಾಲತಾಣದಲ್ಲಿ ಕೊಡುತ್ತದೆ; ಅದು ಅಂಶಗಳ ಪಟ್ಟಿಯಂತಿದ್ದು, ಯಾವ ಅಂಶ ಬಿಟ್ಟುಹೋಯಿತೆಂದು ಮಕ್ಕಳೇ ಗುರುತಿಸಿಕೊಳ್ಳಬಹುದು. ಕೇಂಬ್ರಿಜ್‌ನ ಸೂಚಿ ಅಂಶಗಳನ್ನು ಎಣಿಸುವುದಿಲ್ಲ, ಉತ್ತರದ ಗುಣಮಟ್ಟವನ್ನು ಹಂತಗಳಾಗಿ ವಿವರಿಸುತ್ತದೆ. ಜೊತೆಗೆ ಪರೀಕ್ಷಕರ ವರದಿಯೂ ಸಿಗುತ್ತದೆ, ಅದನ್ನು ಶಿಕ್ಷಕರು ಮೊದಲು ಓದಬೇಕು. ಆದ್ದರಿಂದ ಸಿಬಿಎಸ್‌ಇಯವರ ಉತ್ತರಗಳನ್ನು ಜೋಡಿಯಾಗಿ ಅದಲುಬದಲು ಮಾಡಿ ಅವರಿಂದಲೇ ತಿದ್ದಿಸುತ್ತೇನೆ. ಕೇಂಬ್ರಿಜ್‌ನವರ ಉತ್ತರಗಳನ್ನು ನಾನೇ ಮನೆಗೆ ಒಯ್ಯುತ್ತೇನೆ, ಏಕೆಂದರೆ ಮೂರನೆಯ ಹಂತಕ್ಕೂ ನಾಲ್ಕನೆಯದಕ್ಕೂ ಇರುವ ವ್ಯತ್ಯಾಸವನ್ನು ಹದಿನೇಳರ ಹುಡುಗರಿಂದ ಒಬ್ಬರಿಗೊಬ್ಬರು ಹೇಳಿಸುವುದು ಇನ್ನೂ ಸಾಧ್ಯವಾಗಿಲ್ಲ.